ಅಂಜಿಕೆ ಬರಲಿಲ್ಲ ಅಂತ ಗೇಮಿಗೆ ಬೈಯುವ ಮೊದಲು

“ಇದ್ರಾಗ ಅಂಜಿಕಿ ಏನೂ ಇಲ್ಲಪಾ, ಬರೀ ಕತ್ತಲ ಅದ.” ಹೆಚ್ಚು ಹೆಸರಿಲ್ಲದ ಇಂಡೀ (ಸಣ್ಣ ತಂಡ ಸ್ವಂತ ಮಾಡಿದ) ಹಾರರ್ ಗೇಮ್ ಬಗ್ಗೆ ಕಲಬುರಗಿ ಹುಡುಗರ ಬಾಯಲ್ಲಿ ಮೊದಲು ಬರುವ ಮಾತು ಇದು. ತಪ್ಪು ಗೇಮಿನದೇ ಇರಬಹುದು. ಆದರೆ ನಾನು ಕಂಡ ಮಟ್ಟಿಗೆ ಭಾಳ ಸಲ ಅದು ಮಾನಿಟರಿನದು, ಹೆಡ್‌ಫೋನಿನದು, ಇಲ್ಲವೇ ತಲೆ ಮೇಲೆ ಗರಗರ ತಿರುಗುವ ಫ್ಯಾನಿನದು. ದೊಡ್ಡ ಕಂಪನಿಯ ಗೇಮು ಕೆಟ್ಟ ಸೆಟ್ಟಿಂಗಿನಲ್ಲೂ ಕಣ್ಣು ಕುಕ್ಕುತ್ತದೆ. ಒಬ್ಬರೋ ಇಬ್ಬರೋ ಕೂತು ಮಾಡಿದ ಗೇಮಿಗೆ ಆ ಅನುಕೂಲ ಇಲ್ಲ. ಅದು ನಿಂತಿರುವುದೇ ಸದ್ದಿನ ಮೇಲೆ, ನೆರಳಿನ ಮೇಲೆ, ಕೈಯಲ್ಲಿ ಉಳಿದ ಎರಡು ಗುಂಡಿನ ಮೇಲೆ. ಹಾಗಾಗಿ ನಾನು ಮೊದಲು ಯಂತ್ರ ಹದ ಮಾಡಿಕೊಳ್ಳುತ್ತೇನೆ, ಆಮೇಲೆ ಗೇಮಿನ ಮಾತು.

ನನ್ನದು ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್: ನಾಲ್ಕನೇ ಪೀಳಿಗೆಯ ಕೋರ್ ಐ5, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 750 ಟಿಐ ಗ್ರಾಫಿಕ್ಸ್ ಕಾರ್ಡು, 1366×768ರ ಹಳೇ ಮಾನಿಟರ್. ಈ ಕಾರ್ಡು 60 ವ್ಯಾಟಿನದು, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತದೆ; ಆಫೀಸ್ ಡೆಸ್ಕ್‌ಟಾಪಿನ ಕರೆಂಟ್ ಕೊಡುವ ಸಣ್ಣ ಎಸ್‌ಎಂಪಿಎಸ್‌ಗೆ ಅದೇ ಸರಿ. 6 ಪಿನ್ ಕೇಬಲ್ ಕೇಳುವ ಮಾದರಿಗಳೂ ಇವೆ, ಕೊಳ್ಳುವಾಗ ತಿರುಗಿಸಿ ನೋಡಬೇಕು. ಕ್ಯಾಬಿನೆಟ್ ತೆಳುವಾಗಿದ್ದರೆ ಲೋ ಪ್ರೊಫೈಲ್ (ಗಿಡ್ಡ) ಜಿಟಿ 1030 ಕಾರ್ಡು ಹಿಡಿಸುತ್ತದೆ. ಅದರಲ್ಲಿ ಜಿಡಿಡಿಆರ್5 ಮೆಮೊರಿ ಇರುವುದನ್ನೇ ಕೇಳಿ ತಗೊಳ್ಳಿ. ಅದೇ ಹೆಸರಿನಲ್ಲಿ ಮಾರುವ ಡಿಡಿಆರ್4 ಕಾರ್ಡಿನ ಮೆಮೊರಿ ವೇಗ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಕಾರ್ಡೇ ಇಲ್ಲದಿದ್ದರೆ 8 ಜಿಬಿಯ ಒಂದು ರ‍್ಯಾಮ್ ಬದಲು 4 ಜಿಬಿಯ ಎರಡು ಹಾಕಿ. ಎರಡಿದ್ದರೆ ಡೇಟಾ ಹರಿಯುವ ದಾರಿಯೂ ಎರಡು, ಒಳಗಿನ ಇಂಟೆಲ್ ಗ್ರಾಫಿಕ್ಸ್ ಉಸಿರಾಡುವುದೇ ರ‍್ಯಾಮಿನಿಂದ.

ಸಾದಾ ಗ್ರಾಫಿಕ್ಸಿನ ಗೇಮು ಕಾರ್ಡನ್ನು ಕಾಯಿಸುವುದಿಲ್ಲ ಅಂದುಕೊಳ್ಳಬೇಡಿ. ಫ್ರೇಮಿಗೆ, ಅಂದರೆ ಪರದೆ ಮೇಲೆ ಒಂದರ ಹಿಂದೊಂದು ಬಿಡಿಸುವ ಚಿತ್ರಗಳಿಗೆ, ಕಡಿವಾಣ ಇಲ್ಲದಿದ್ದರೆ 1990ರ ದಶಕದ ಥರ ಕಾಣುವ ಗೇಮೂ ಬರೀ ಮೆನುವಿನಲ್ಲಿ ನಿಂತು ಸೆಕೆಂಡಿಗೆ ನೂರಾರು ಫ್ರೇಮು ಬಿಡಿಸುತ್ತ ಕಾರ್ಡನ್ನು ನೂರಕ್ಕೆ ನೂರು ದುಡಿಸುತ್ತದೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ, ಮೇಲೆ ಪತ್ರಾಸು, ಒಳಗೆ ಇದು. ಕಾರ್ಡು ಕಾದ ಮೇಲೆ ತಾನೇ ವೇಗ ಇಳಿಸುತ್ತದೆ, ಗೇಮು ಜರ್ಕ್ ಹೊಡೆಯುತ್ತದೆ, ಬೈಗುಳ ಮಾತ್ರ ಗೇಮ್ ಮಾಡಿದವರಿಗೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ 60ಕ್ಕೆ ಇಡಿ. ಅಷ್ಟಕ್ಕೇ ಫ್ಯಾನಿನ ಸದ್ದು ಇಳಿಯುವುದು ಕಿವಿಗೆ ಗೊತ್ತಾಗುತ್ತದೆ. ಸಿಪಿಯು ಡಬ್ಬವನ್ನು ಶಹಾಬಾದಿ ಫರಸಿ ಮೇಲೆ ನೇರ ಇಡಬೇಡಿ, ಎರಡು ಇಟ್ಟಂಗಿ ಕೊಟ್ಟು ಎತ್ತಿ. ತೊಗರಿ ರಾಶಿಯ ದಿನಗಳಲ್ಲಿ ಬರುವ ಧೂಳೆಲ್ಲ ನೆಲ ಹಿಡಿದೇ ಹರಿದಾಡುತ್ತದೆ. ಏರ್ ಕೂಲರಿನ ತಂಪು ಗಾಳಿ ಸಿಪಿಯುಗೂ ಸಿಗಲಿ ಅಂತ ಅದರತ್ತ ತಿರುಗಿಸುವವರಿದ್ದಾರೆ. ಬೇಡ. ಹಸಿ ಗಾಳಿ ಮತ್ತು ಧೂಳು ಕೂಡಿದರೆ ಹೀಟ್‌ಸಿಂಕಿನ ಸಂದಿಯಲ್ಲಿ ಕೆಸರು ಮೆತ್ತಿಕೊಳ್ಳುತ್ತದೆ, ಆಮೇಲೆ ಬ್ಲೋವರ್ ಹೊಡೆದರೂ ಏಳುವುದಿಲ್ಲ.

ಇನ್ನು ಕತ್ತಲ. ಟಿವಿಯನ್ನೋ ಮಾನಿಟರನ್ನೋ ಎಚ್‌ಡಿಎಂಐ ಮೂಲಕ ಜೋಡಿಸಿದಾಗ ಎನ್‌ವಿಡಿಯಾ ಡ್ರೈವರ್ ಕೆಲವೊಮ್ಮೆ ಕಪ್ಪು ಬಿಳುಪಿನ ಹರವು ಕುಗ್ಗಿಸುವ ಲಿಮಿಟೆಡ್ ರೇಂಜ್ ಹಿಡಿಯುತ್ತದೆ. ಆಗ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಚೇಂಜ್ ರೆಸಲ್ಯೂಷನ್ ಪುಟದ ಕೆಳಗೆ ಔಟ್‌ಪುಟ್ ಡೈನಾಮಿಕ್ ರೇಂಜ್ ಅಂತ ಇದೆ, ಅದನ್ನು ಫುಲ್ ಮಾಡಿ. ಹಳೇ ಟಿಎನ್ (ಅಗ್ಗದ ಬಗೆಯ ಎಲ್‌ಸಿಡಿ) ಮಾನಿಟರಿನಲ್ಲಿ ಕಣ್ಣು ಪರದೆಯ ನಡುಮಟ್ಟಕ್ಕೆ ಇರಬೇಕು. ಕುರ್ಚಿ ಎತ್ತರ ಆದರೆ ಕಪ್ಪು ಬಿಳಿಚುತ್ತದೆ, ತಗ್ಗಾದರೆ ಮೂಲೆಯಲ್ಲಿದ್ದದ್ದು ನುಂಗಿಹೋಗುತ್ತದೆ. ಗೇಮಿನ ಒಳಗೆ ಗಾಮಾ (ಕತ್ತಲ ಭಾಗ ಎಷ್ಟು ಬೆಳಗಬೇಕು ಅನ್ನುವ ಸೆಟ್ಟಿಂಗ್) ಕೇಳಿದರೆ ಹಗಲಲ್ಲಿ ಹದ ಮಾಡಬೇಡಿ. ರಾತ್ರಿ ದೀಪ ಆರಿಸಿ, ಐದು ನಿಮಿಷ ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ತೋರಿಸಿದ ಗುರುತು ಕಂಡೂ ಕಾಣದ ಹಾಗೆ ನಿಲ್ಲಿಸಿ. ಎಲ್ಲವೂ ನಿಚ್ಚಳ ಕಾಣಬೇಕು ಅಂತ ಗಾಮಾ ಏರಿಸಿ ಆಡಿ, “ಅಂಜಿಕಿ ಇಲ್ಲ” ಅಂದರೆ ಯಾರೇನು ಮಾಡೋಣ!

ಎಲ್ಲಕ್ಕಿಂತ ಹೆಚ್ಚು ಕೆಡುವುದು ಸದ್ದು. ರಿಯಲ್‌ಟೆಕ್ ಡ್ರೈವರಿನ ಎನ್‌ಹಾನ್ಸ್‌ಮೆಂಟ್ಸ್ ಪುಟದಲ್ಲಿ ಲೌಡ್‌ನೆಸ್ ಈಕ್ವಲೈಜೇಷನ್ ಅಂತ ಒಂದು ಟಿಕ್ ಇರುತ್ತದೆ. ಸಿನಿಮಾ ಮಾತು ಜೋರಾಗಿ ಕೇಳಲಿ ಅಂತ ಯಾರೋ ಹಾಕಿಟ್ಟಿರುತ್ತಾರೆ. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡ ಸದ್ದನ್ನು ತುಳಿದು ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಪಕ್ಕದ ಖೋಲಿಯ ಹೆಜ್ಜೆಯೂ ಬೆನ್ನ ಹಿಂದಿನ ಹೆಜ್ಜೆಯೂ ಒಂದೇ ಥರ ಕೇಳಿದರೆ ಹಾರರ್ ಅಲ್ಲೇ ಸತ್ತಿತು. ಟಿಕ್ ತೆಗೆಯಿರಿ. ‘7.1’ ಅಂತ ಬರೆದ ಅಗ್ಗದ ಹೆಡ್‌ಸೆಟ್ಟಿನ ಸಾಫ್ಟ್‌ವೇರೂ ವಿಂಡೋಸಿನ ಸ್ಪೇಷಿಯಲ್ ಸೌಂಡೂ ಎರಡೂ ಚಾಲೂ ಇದ್ದರೆ ದಿಕ್ಕು ಕಲಸಿಹೋಗುತ್ತದೆ, ಎರಡನ್ನೂ ಬಂದ್ ಮಾಡಿ ಸಾದಾ ಸ್ಟೀರಿಯೊ ಇಡಿ. ಬ್ಲೂಟೂತ್ ಬೇಡ, ಸದ್ದು ತಡವಾಗಿ ಬರುತ್ತದೆ. ಕಿವಿ ಪೂರ್ತಿ ಮುಚ್ಚುವ ತಂತಿ ಹೆಡ್‌ಫೋನು ಸಾಕು, ಕೂಲರಿನ ಭರ್ ಸದ್ದೂ ಅದರಲ್ಲೇ ತಡೆಯುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕಿಗೆ ಹಾಕಿದಾಗ ಗುಂಯ್ ಅಂದರೆ ಹಿಂದಿನ ಹಸಿರು ಜ್ಯಾಕಿಗೆ ಹಾಕಿ. ಅಲ್ಲೂ ಗುಂಯ್ ಅಂದರೆ ಸಾಕೆಟ್ಟಿಗೆ ಅರ್ಥಿಂಗ್ ಇದೆಯೋ ಇಲ್ಲವೋ ವೈರ್‌ಮನ್‌ಗೆ ತೋರಿಸಿ. ಅದು ಗೇಮಿಗಿಂತ ದೊಡ್ಡ ವಿಷಯ.

ಕರೆಂಟ್ ಹೋಗುವುದಂತೂ ಇದ್ದದ್ದೇ. 600 ವಿಎ ಯುಪಿಎಸ್ ಅಂದರೆ ಕೊಡುವುದು 360 ವ್ಯಾಟ್ ಆಸುಪಾಸು. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಇಲ್ಲಿನ ಸೆಖೆಗೆ ಬೇಗ ಸೋಲುತ್ತದೆ, ಆಮೇಲೆ ಸಿಗುವುದು ಎರಡು ಮೂರು ನಿಮಿಷ. ಎಲ್ಲಿ ಬೇಕಾದರೂ ಸೇವ್ ಮಾಡಬಹುದಾದ ಗೇಮಿಗೆ ಅಷ್ಟು ಸಾಕು. ಸೇವ್ ಮಾಡಲು ನಿಗದಿತ ಜಾಗಕ್ಕೇ ನಡೆದು ಹೋಗಬೇಕಾದ ಗೇಮಿಗೆ ಸಾಲದು. ಗೇಮ್ ಕಟ್ಟುವ ಸಾಫ್ಟ್‌ವೇರ್ ಯುನಿಟಿಯಲ್ಲಿ ಮಾಡಿದ ಬಹಳಷ್ಟು ಗೇಮ್‌ಗಳ ಸೇವ್ ಫೈಲ್ ಆ್ಯಪ್‌ಡೇಟಾ ಒಳಗಿನ ಲೋಕಲ್‌ಲೋ ಫೋಲ್ಡರಿನಲ್ಲಿರುತ್ತದೆ. ವಾರಕ್ಕೊಮ್ಮೆ ಅದನ್ನು ಪೆನ್ ಡ್ರೈವಿಗೆ ನಕಲು ಮಾಡಿಡಿ. ಗೇಮು ಸೇವ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲೇ ಕೆಡಬಹುದು.

ಈಗ ಗೇಮುಗಳು. ಸದ್ದು ಸರಿಯಾಗಿದೆಯೋ ನೋಡಲು ನಾನು ಮೊದಲು ಹಚ್ಚುವುದು ಡೆವಿಲ್ ಡ್ಯಾಗರ್ಸ್ (2016, ಸೋರತ್). ಕತ್ತಲಲ್ಲಿ ಒಂದು ಕಟ್ಟೆ, ಕೈಯಿಂದ ಹಾರುವ ಚೂರಿಗಳು, ನಾಲ್ಕೂ ಕಡೆಯಿಂದ ತಲೆಬುರುಡೆಗಳು, ಒಮ್ಮೆ ಮುಟ್ಟಿದರೆ ಮುಗಿಯಿತು. ಮೊದಲ ಸಲ ಕೂತವರು ಅರ್ಧ ನಿಮಿಷವೂ ಉಳಿಯದೆ “ಇದೇನ್ ಗೇಮೋ” ಅಂತ ಎದ್ದುಬಿಡುತ್ತಾರೆ. ಶತ್ರುಗಳು ಪ್ರತಿ ಸಲ ಅದೇ ವೇಳೆಗೆ, ಅದೇ ಸರದಿಯಲ್ಲಿ ಬರುತ್ತಾರೆ, ಒಂದೊಂದಕ್ಕೂ ಬೇರೆ ಸದ್ದು ಇದೆ. ಹಿಂದೆ ತಿರುಗದೆ ಯಾವುದು ಎಲ್ಲಿದೆ ಅಂತ ಹೇಳಬಹುದು. ಮೌಸ್ ಒತ್ತಿ ಹಿಡಿದರೆ ಚೂರಿಗಳ ಧಾರೆ, ಒಮ್ಮೆ ತಟ್ಟಿದರೆ ಒಂದೇ ಏಟಿಗೆ ಗೊಂಚಲು. ಶತ್ರುವಿನ ಮೈಮೇಲೆ ಹೊಳೆಯುವ ಕೆಂಪು ಹರಳಿಗೆ ಹೊಡೆಯಬೇಕು. ಬಿದ್ದ ಹರಳು 10 ಕೂಡಿಸಿದರೆ ಚೂರಿಯ ಬಲ ಎರಡನೇ ಹಂತ, 70ಕ್ಕೆ ಮೂರನೆಯದು. ಇಲ್ಲೇ ಎಲ್ಲರೂ ಎಡವುವುದು: ಚೂರಿ ಬಿಡುತ್ತಿರುವಾಗ ಹರಳು ನಿಮ್ಮಿಂದ ದೂರ ಸರಿಯುತ್ತದೆ, ಕೈ ಬಿಟ್ಟಾಗ ತಾನೇ ಓಡಿ ಬರುತ್ತದೆ. ಹೆದರಿದ ಬೆರಳು ಮೌಸ್ ಬಿಡುವುದೇ ಇಲ್ಲ, ಹರಳೂ ಸಿಗುವುದಿಲ್ಲ. ಜೇಡಗಳಂತೂ ಹರಳನ್ನೇ ಎಳೆದು ನುಂಗುತ್ತವೆ, ಬಂದ ಕೂಡಲೇ ಮೊದಲು ಅವನ್ನೇ ಮುಗಿಸಿ. ಇಡೀ ಗೇಮಿಗೆ ಇರುವ ಅಚೀವ್‌ಮೆಂಟ್ ಒಂದೇ, 500 ಸೆಕೆಂಡ್ ಬದುಕುವುದು. ನನ್ನ ಪ್ರಕಾರ ಆ್ಯಕ್ಷನ್ ಮತ್ತು ಅಂಜಿಕೆಯನ್ನು ಇಷ್ಟು ಬಿಗಿಯಾಗಿ ಹೆಣೆದ ಸಣ್ಣ ಗೇಮು ಮತ್ತೊಂದಿಲ್ಲ.

ದುಡ್ಡೇ ಬೇಡ ಅನ್ನುವವರಿಗೆ ಕ್ರೈ ಆಫ್ ಫಿಯರ್. 2012ರಲ್ಲಿ ಹಾಫ್ ಲೈಫ್‌ನ ಮಾಡ್ (ಇದ್ದ ಗೇಮನ್ನೇ ತಿದ್ದಿ ಮಾಡಿದ ಹೊಸ ಆಟ) ಆಗಿ ಬಂದದ್ದು, ಮರುವರ್ಷ ಗೇಮು ಮಾರುವ ಜಾಲತಾಣ ಸ್ಟೀಮ್‌ನಲ್ಲಿ ಸ್ವಂತ ಕಾಲ ಮೇಲೆ ನಿಂತಿತು. ಅಡಿಯಲ್ಲಿರುವುದು 1998ರ ಎಂಜಿನ್ (ಗೇಮನ್ನು ನಡೆಸುವ ಸಾಫ್ಟ್‌ವೇರ್), ಫ್ರೇಮನ್ನು 60ಕ್ಕೇ ಕಟ್ಟಿಹಾಕಿ ಆಡಿ. ಸಾಮಾನಿನ ಚೀಲದಲ್ಲಿ ಆರೇ ಜಾಗ, ಚೀಲ ತೆರೆದಾಗ ಆಟ ನಿಲ್ಲುವುದಿಲ್ಲ. ಇದನ್ನು ಕೆಟ್ಟ ವಿನ್ಯಾಸ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಖೋಲಿಗೆ ಕಾಲಿಡುವ ಮೊದಲೇ ಯಾವ ಕೈಯಲ್ಲಿ ಏನು ಅಂತ ತೀರ್ಮಾನಿಸಿ ಹೊರಡಬೇಕು: ಒಂದರಲ್ಲಿ ಬೆಳಕು, ಒಂದರಲ್ಲಿ ಚಾಕು ಅಥವಾ ಪಿಸ್ತೂಲು. ಚಾಕು ಬೀಸಿದರೂ ಜಿಗಿದರೂ ದಮ್ಮು ಇಳಿಯುತ್ತದೆ, ಹಾಗಾಗಿ ಎರಡು ಏಟು, ಒಂದು ಹೆಜ್ಜೆ ಹಿಂದೆ. ಸೇವ್ ಆಗುವುದು ಟೇಪ್ ರೆಕಾರ್ಡರ್ ಇರುವಲ್ಲಿ ಮಾತ್ರ. ಯುಪಿಎಸ್ ಇಲ್ಲದವರು ಮಳೆ ಗಾಳಿಯ ರಾತ್ರಿ ಇದನ್ನು ಹಚ್ಚಬೇಡಿ.

ಅದೇ ಆರು ಜಾಗದ ಲೆಕ್ಕ ಸಿಗ್ನಾಲಿಸ್‌ನಲ್ಲೂ (2022, ಜರ್ಮನಿಯ ಇಬ್ಬರ ತಂಡ ರೋಸ್ ಎಂಜಿನ್) ಇದೆ. ಅಲ್ಲಿ ಬಿದ್ದ ಶತ್ರು ಸ್ವಲ್ಪ ಹೊತ್ತಿಗೆ ಮತ್ತೆ ಏಳುತ್ತದೆ, ಥರ್ಮೈಟ್ ಹಚ್ಚಿ ಸುಟ್ಟರೆ ಏಳುವುದಿಲ್ಲ. ಥರ್ಮೈಟ್ ಸಿಗುವುದು ಎಣಿಸಿದಷ್ಟೇ. ದಿನಾ ಓಡಾಡುವ ಮೊಗಸಾಲೆಯಲ್ಲಿ ಬಿದ್ದದ್ದನ್ನು ಸುಡಿ, ಒಮ್ಮೆ ಹೋಗಿ ಬರುವ ಖೋಲಿಯಲ್ಲಿ ಸುಮ್ಮನೆ ಪಕ್ಕ ಹಾದುಹೋಗಿ. ಬಿದ್ದೂ ಜೀವ ಇದ್ದರೆ ಗುಂಡು ಹಾಳು ಮಾಡದೆ ಕಾಲಿನಿಂದ ತುಳಿದೇ ಸದ್ಯಕ್ಕೆ ಮುಗಿಸಬಹುದು. “ಬರೀ ಹೋಗೋದು ಬರೋದು” ಅನ್ನುವ ದೂರು ಇದರ ಮೇಲೆ ಇದೆ, ಅದು ನ್ಯಾಯವಾದದ್ದೇ. ಮುಂದಿನ ಬಾಗಿಲಿಗೆ ಬೇಕಾದ ಎರಡು ಜಾಗ ಖಾಲಿ ಇಟ್ಟುಕೊಂಡು ಹೊರಟರೆ ಓಡಾಟ ಎಷ್ಟೋ ಕಡಿಮೆ.

ಡಾರ್ಕ್‌ವುಡ್ (2017, ಪೋಲೆಂಡಿನ ಆ್ಯಸಿಡ್ ವಿಝರ್ಡ್ ಸ್ಟುಡಿಯೊ) ಮೇಲಿನಿಂದ ನೋಡುವ ಗೇಮು. ಮುಖ ತಿರುಗಿದ ಕಡೆ ಒಂದು ಕೋನದಷ್ಟು ಮಾತ್ರ ಕಾಣುತ್ತದೆ, ಉಳಿದದ್ದು ಕಿವಿಗೆ ಬಿಟ್ಟದ್ದು. ಹಗಲು ಕಾಡಿನಲ್ಲಿ ಸಾಮಾನು ಕೂಡಿಸಬೇಕು, ರಾತ್ರಿ ಅಡಗಿಕೊಳ್ಳುವ ಮನೆಯಲ್ಲಿ ಬೆಳಗಿನ ತನಕ ಉಳಿಯಬೇಕು. ಹೊಸಬರು ಸೋಲುವುದು ಮೂರು ಕಾರಣಕ್ಕೆ: ಪೆಟ್ರೋಲನ್ನೆಲ್ಲ ಮರ ಕೊಯ್ಯಲು ಸುರಿದು ಜನರೇಟರಿಗೆ ಉಳಿಸುವುದಿಲ್ಲ, ಕಿಟಕಿಗಳಿಗೆಲ್ಲ ಹಲಗೆ ಹೊಡೆಯುತ್ತ ಮೊಳೆ ಮುಗಿಸುತ್ತಾರೆ, ಹೊತ್ತು ಮುಳುಗುವ ತನಕ ಕಾಡಿನಲ್ಲೇ ಇರುತ್ತಾರೆ. ನಾನು ಮಾಡುವುದು ಇಷ್ಟು. ಒಂದೇ ಖೋಲಿ ಆರಿಸಿ, ಅದರ ಕಿಟಕಿಗೆ ಹಲಗೆ, ಒಂದು ಬಾಗಿಲಿಗೆ ಬೀರು ಅಡ್ಡ ತಳ್ಳಿ, ಇನ್ನೊಂದರ ಮುಂದೆ ಕರಡಿ ಬೋನು, ದೀಪ ಬೆನ್ನಿಗೆ, ಮುಖ ಬೋನಿನ ಕಡೆ. ಬೆಳಿಗ್ಗೆ ಜೀವಂತ ಇದ್ದರೆ ಬರುವ ವ್ಯಾಪಾರಿ ಹತ್ತಿರ ನಿಮ್ಮ ಪತ್ತು ಏರುತ್ತದೆ, ಅದೇ ಇಲ್ಲಿ ರೊಕ್ಕ. ಮೊದಲ ಸಲ ನಾರ್ಮಲ್ ಮಟ್ಟದಲ್ಲೇ ಆಡಿ. ನೈಟ್‌ಮೇರ್‌ನಲ್ಲಿ ಒಮ್ಮೆ ಸತ್ತರೆ ಇಡೀ ಆಟ ಮೊದಲಿನಿಂದ.

ಐರನ್ ಲಂಗ್ (2022, ಡೇವಿಡ್ ಸಿಮಾನ್ಸ್ಕಿ) ಒಂದು ತಾಸಿನ ಆಸುಪಾಸಿನ ಆಟ. ರಕ್ತದ ಸಮುದ್ರದಲ್ಲಿ ಕಿಟಕಿಯಿಲ್ಲದ ಜಲಾಂತರ್ಗಾಮಿ. ಹೊರಗೆ ಏನಿದೆ ಅಂತ ಗೊತ್ತಾಗುವುದು ತೆಗೆದ ಫೋಟೊದಲ್ಲಿ ಮಾತ್ರ. ನಕ್ಷೆ, ಎಕ್ಸ್ ವೈ ಅಂಕಿ, ಕೋನ, ಗೋಡೆ ಹತ್ತಿರವಾದಾಗ ಬಡಿದುಕೊಳ್ಳುವ ಸೆನ್ಸರ್, ಇಷ್ಟೇ ಆಸರೆ. ಕೈಯಲ್ಲಿ ಪೆನ್ನು, ಚೌಕುಳಿ ಹಾಳೆ ಇಟ್ಟುಕೊಂಡು ಪ್ರತಿ ನಿಲುಗಡೆಯ ಅಂಕಿ ಬರೆಯಿರಿ. ಅಂದಾಜಿನ ಮೇಲೆ ಹೋದವರೇ ಗೋಡೆಗೆ ಬಡಿಯುವುದು. ಅದೇ ಸಿಮಾನ್ಸ್ಕಿಯ ಡಸ್ಕ್ (2018) ಇದಕ್ಕೆ ತದ್ವಿರುದ್ಧ, ಓಡುತ್ತ ಗುಂಡು ಹಾರಿಸುವುದೇ. ಅಲ್ಲಿ ಮೂಲೆಯಲ್ಲಿ ಬಿದ್ದ ಸೋಪು ಕಂಡರೆ ಬಿಡಬೇಡಿ, ಎಸೆದರೆ ಶತ್ರು ಒಂದೇ ಏಟಿಗೆ ಹೋಗುತ್ತಾನೆ. ಎಂಎಸ್ ಪೇಂಟಿನಲ್ಲಿ ಬಿಡಿಸಿದ ವರ್ಲ್ಡ್ ಆಫ್ ಹಾರರ್ ಯಾವ ಡಬ್ಬದಲ್ಲೂ ಓಡುತ್ತದೆ, ಅಕ್ಷರ ಮಾತ್ರ ಕಣ್ಣಿಗೆ ತ್ರಾಸು. ನಮ್ಮ ಪಕ್ಕದ ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೊ ಮಾಡಿದ ಅಸುರ (2017) ಕತ್ತಿ ಕಾಳಗದ ಗೇಮು. ಕೀಬೋರ್ಡಿಗಿಂತ ಕಂಟ್ರೋಲರಿನಲ್ಲಿ ಛಲೋ.

ಕೊಳ್ಳುವ ಮೊದಲು ಬೇರೆಯವರ ಅಭಿಪ್ರಾಯ ಓದುವಾಗ ನಾನು ಬೇಡ ಅಂದವರದ್ದನ್ನೇ ಮೊದಲು ತೆಗೆಯುತ್ತೇನೆ. ಬರೆಯುವ ಹೊತ್ತಿಗೆ ಎಷ್ಟು ತಾಸು ಆಡಿದ್ದರು ಅಂತ ಸ್ಟೀಮ್ ತೋರಿಸುತ್ತದೆ. 0.3 ತಾಸು ಆಡಿ “ಬೋರು” ಅಂದದ್ದನ್ನು ದಾಟಿ, 6 ತಾಸು ಆಡಿ “ಸೇವ್ ಹಾರಿಹೋಯಿತು” ಅಂದದ್ದರ ಮೇಲೆ ನಿಲ್ಲುತ್ತೇನೆ. ಅದೇ ದೂರು ಮೂರು ನಾಲ್ಕು ಕಡೆ ಕಂಡರೆ ಅಪ್‌ಡೇಟ್ ಬರುವ ತನಕ ಕೊಳ್ಳುವುದಿಲ್ಲ. ಕೊಂಡ 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಮೆನು ತೆರೆದಿಟ್ಟು ಚಹಾಕ್ಕೆ ಹೋದ ಹೊತ್ತೂ ಆ 2 ತಾಸಿನಲ್ಲೇ ಲೆಕ್ಕ, ಹಾಗಾಗಿ ಗಾಮಾ, ಸದ್ದು, ಫ್ರೇಮು ಎಲ್ಲ ಮೊದಲ ಹದಿನೈದು ನಿಮಿಷದಲ್ಲೇ ಮುಗಿಸಿಬಿಡಿ. ಐರನ್ ಲಂಗ್‌ನಂಥದ್ದನ್ನು ಪೂರ್ತಿ ಮುಗಿಸಿಯೂ ವಾಪಸ್ ಕೇಳುವವರಿದ್ದಾರೆ. ನಿಯಮದ ಪ್ರಕಾರ ನಡೆಯುತ್ತದೆ, ನಾನು ಮಾಡುವುದಿಲ್ಲ. ದುಡ್ಡಿಲ್ಲದವರು ಆಡಲಿ ಅಂತ ಡಾರ್ಕ್‌ವುಡ್ ಮಾಡಿದವರು 2017ರಲ್ಲಿ ತಮ್ಮ ಗೇಮನ್ನು ತಾವೇ ಪುಕ್ಕಟೆ ಇಳಿಸಿಕೊಳ್ಳುವ ಹಾಗೆ ಟೊರೆಂಟಿಗೆ ಹಾಕಿದ್ದರು. ಕೇಳಿಕೊಂಡದ್ದು ಒಂದೇ, ಕೀ (ಗೇಮ್ ತೆರೆಯುವ ಕೋಡ್) ಮರುಮಾರಾಟದ ಸೈಟುಗಳಲ್ಲಿ ಮಾತ್ರ ಕೊಳ್ಳಬೇಡಿ ಅಂತ.