ನೀವು ಹತ್ತಬೇಕಾದ ವಿಮಾನ ಈಗ ಎಲ್ಲಿದೆ? ವಿಳಂಬವನ್ನು ಮೊದಲೇ ಅಂದಾಜಿಸುವ ಬಗೆ

ನಿಲ್ದಾಣದ ಫಲಕವು ಒಂದು ಫ್ಲೈಟ್ ಸಮಯಕ್ಕೆ ಸರಿಯಾಗಿ ಹೊರಡುತ್ತದೆ ಎಂದು ತೋರಿಸುತ್ತಿರುವಾಗಲೇ, ಅದಕ್ಕೆ ಬಳಸಬೇಕಾದ ವಿಮಾನ ದೂರದ ಇನ್ನೊಂದು ನಿಲ್ದಾಣದಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಾ ನಿಂತಿರುವುದು ಅಪರೂಪವೇನಲ್ಲ. ಕಡಿಮೆ ದೂರದ ಮಾರ್ಗಗಳಲ್ಲಿ ಒಂದೇ ವಿಮಾನ ದಿನಕ್ಕೆ ನಾಲ್ಕೈದು ಬಾರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಹಾರುತ್ತದೆ. ಬೆಳಗಿನ ಹಾರಾಟದಲ್ಲಿ ಕಳೆದುಹೋದ ಸಮಯ ಸಂಜೆಯವರೆಗೂ ಅದರ ಬೆನ್ನು ಬಿಡುವುದಿಲ್ಲ. ಅಮೆರಿಕದ ಸಾರಿಗೆ ಇಲಾಖೆ 2003ರಿಂದ ವಿಳಂಬದ ಕಾರಣಗಳನ್ನು ವಿಂಗಡಿಸುತ್ತಿದ್ದು, ಅದರಲ್ಲಿ ‘ತಡವಾಗಿ ಬಂದ ವಿಮಾನ’ ಎಂಬುದಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಮತ್ತು ಅದು ಅತಿ ದೊಡ್ಡ ಕಾರಣಗಳ ಸಾಲಿನಲ್ಲಿ ನಿಲ್ಲುತ್ತದೆ. ಈ ಒಂದು ಕಾರಣವನ್ನು ಪ್ರಯಾಣಿಕರು ಯಾರನ್ನೂ ಕೇಳದೆ, ಹಲವು ಗಂಟೆ ಮೊದಲೇ ತಾವಾಗಿ ಕಂಡುಕೊಳ್ಳಬಹುದು. ಆದರೆ ಹೀಗೆ ಮಾಡುವ ಲೆಕ್ಕದಿಂದ ಸಿಗುವುದು ‘ಇದಕ್ಕಿಂತ ಮೊದಲು ಹೊರಡಲಾರದು’ ಎಂಬ ಗಡಿ ಮಾತ್ರ ಎಂಬುದನ್ನು ಆರಂಭದಲ್ಲೇ ತಿಳಿದಿರಬೇಕು. ನಿಜವಾಗಿ ಹೊರಡುವ ಸಮಯ ಆ ಗಡಿಯ ಆಚೆ ಎಷ್ಟು ದೂರ ಬೇಕಾದರೂ ಇರಬಹುದು.

ಮೊದಲ ಕೆಲಸ ವಿಮಾನವನ್ನು ಗುರುತಿಸುವುದು. ಟಿಕೆಟ್‌ನಲ್ಲಿರುವ ಫ್ಲೈಟ್ ನಂಬರ್ ಒಂದು ಸೇವೆಯ ಹೆಸರಷ್ಟೇ. ಆ ದಿನ ಆ ಸೇವೆಗೆ ಬರುವ ಯಂತ್ರದ ಗುರುತು ಅದರ ನೋಂದಣಿ ಸಂಖ್ಯೆ. ಒಂದು ಸಂಸ್ಥೆ ಮಾರಿದ ಟಿಕೆಟ್‌ನಲ್ಲಿ ಇನ್ನೊಂದು ಸಂಸ್ಥೆಯ ವಿಮಾನದಲ್ಲಿ ಹಾರುವವರು, ಅಂದರೆ ಕೋಡ್‌ಶೇರ್ ಪ್ರಯಾಣಿಕರು, ವಿಮಾನವನ್ನು ನಿಜವಾಗಿ ಹಾರಿಸುವ ಸಂಸ್ಥೆಯ ಫ್ಲೈಟ್ ನಂಬರನ್ನೇ ಹುಡುಕಬೇಕು. ವಿಮಾನಗಳ ಚಲನೆಯನ್ನು ತೋರಿಸುವ ಫ್ಲೈಟ್‌ಅವೇರ್ ಜಾಲತಾಣದಲ್ಲಿ ನಿಮ್ಮ ಫ್ಲೈಟಿನ ಪುಟವನ್ನು ತೆರೆದರೆ, ಮಾಹಿತಿ ಲಭ್ಯವಿದ್ದಾಗ ಆ ವಿಮಾನ ಈಗ ಎಲ್ಲಿದೆ ಎಂದು ತೋರಿಸುವ ಕೊಂಡಿ ಅಲ್ಲೇ ಇರುತ್ತದೆ. ಅಂತಹದೇ ಇನ್ನೊಂದು ತಾಣವಾದ ಫ್ಲೈಟ್‌ರಾಡಾರ್24ರಲ್ಲಿ ಫ್ಲೈಟ್ ನಂಬರ್ ಹಾಕಿ, ಇಂದಿನ ಸಾಲಿನಲ್ಲಿ ಕಾಣುವ ನೋಂದಣಿ ಸಂಖ್ಯೆಯನ್ನು ಒತ್ತಿದರೆ, ಆ ವಿಮಾನ ಇಂದು ಎಲ್ಲೆಲ್ಲಿ ಹಾರಿದೆ, ಮುಂದೆ ಎಲ್ಲಿಗೆ ಹೋಗಲಿದೆ ಎಂಬ ಪಟ್ಟಿ ಸಿಗುತ್ತದೆ. ಫ್ಲೈಟಿಯಂತಹ ಆ್ಯಪ್‌ಗಳೂ ಕೆಲವು ವಿಮಾನಯಾನ ಸಂಸ್ಥೆಗಳ ಸ್ವಂತ ಆ್ಯಪ್‌ಗಳೂ ಇದನ್ನು ತಾವೇ ಹುಡುಕಿ ಮುಂದಿಡುತ್ತವೆ.

ಸಿಕ್ಕಿದ್ದನ್ನು ಹಾಗೆಯೇ ನಂಬಬೇಡಿ. ಸರಪಳಿ ಕೂಡುತ್ತದೆಯೇ ಎಂದು ನೋಡಿ. ಆ ವಿಮಾನದ ಹಿಂದಿನ ಹಾರಾಟ ನೀವು ಹೊರಡುವ ನಿಲ್ದಾಣಕ್ಕೇ ಬರಬೇಕು, ಮತ್ತು ನಿಮ್ಮ ಹೊರಡುವ ಸಮಯಕ್ಕೆ ಸಾಕಷ್ಟು ಮೊದಲು ಬರುವಂತೆ ವೇಳಾಪಟ್ಟಿಯಲ್ಲಿರಬೇಕು. ನೋಂದಣಿ ಸಂಖ್ಯೆ ಇನ್ನೂ ಕಾಣದಿದ್ದರೆ ಇನ್ನೊಂದು ದಾರಿಯಿದೆ. ನಿಮ್ಮ ಗೇಟ್ ಸಂಖ್ಯೆಯನ್ನು ಗುರುತು ಮಾಡಿಕೊಂಡು, ಅದೇ ನಿಲ್ದಾಣದ ಆಗಮನ ಪಟ್ಟಿಯಲ್ಲಿ ಅದೇ ಸಂಸ್ಥೆಯ ಯಾವ ಫ್ಲೈಟ್ ನಿಮ್ಮದಕ್ಕಿಂತ ಸುಮಾರು ಒಂದು ಗಂಟೆ ಮೊದಲು ಅದೇ ಗೇಟಿಗೆ ಬರಲಿದೆ ಎಂದು ಹುಡುಕಿ. ಅದರ ವಿಮಾನದ ಮಾದರಿಯೂ ನಿಮ್ಮದಕ್ಕೆ ಹೊಂದಿದರೆ, ಬಹುಮಟ್ಟಿಗೆ ಅದೇ ನಿಮ್ಮ ವಿಮಾನ.

ಈ ತಾಣಗಳಿಗೆ ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದರೆ ಅನಗತ್ಯ ಗಾಬರಿ ತಪ್ಪುತ್ತದೆ. ವಿಮಾನಗಳು ತಮ್ಮ ಸ್ಥಾನ, ಎತ್ತರ, ವೇಗಗಳನ್ನು ಎಡಿಎಸ್-ಬಿ ಎಂಬ ವ್ಯವಸ್ಥೆಯ ಮೂಲಕ 1090 ಮೆಗಾಹರ್ಟ್ಸ್ ತರಂಗದಲ್ಲಿ ಸತತವಾಗಿ ಪ್ರಸಾರ ಮಾಡುತ್ತವೆ. ಲೋಕದಾದ್ಯಂತ ಸ್ವಯಂಸೇವಕರು ಮನೆಯ ಮೇಲೆ ನೆಟ್ಟಿರುವ ಸಣ್ಣ ಆಂಟೆನಾಗಳು ಅದನ್ನು ಹಿಡಿದು ಈ ತಾಣಗಳಿಗೆ ಕಳುಹಿಸುತ್ತವೆ. ಯಾರೋ ಅಪರಿಚಿತರು ತಮ್ಮ ಖರ್ಚಿನಲ್ಲಿ ನಡೆಸುವ ಈ ಜಾಲದಿಂದ ಲಕ್ಷಾಂತರ ಪ್ರಯಾಣಿಕರಿಗೆ ಉಪಕಾರವಾಗುತ್ತಿದೆ ಎಂಬುದು ನೆನೆಯಬೇಕಾದ ಸಂಗತಿ. ಆದರೆ ಸಂಕೇತ ನೇರ ದೃಷ್ಟಿಯಲ್ಲೇ ಸಾಗಬೇಕಾದ್ದರಿಂದ, ಎತ್ತರದಲ್ಲಿ ಹಾರುವ ವಿಮಾನ ಕೂಡ ಆಂಟೆನಾದಿಂದ ಸುಮಾರು 400 ಕಿಲೋಮೀಟರ್ ದಾಟಿದರೆ ಮರೆಯಾಗುತ್ತದೆ. ಸಾಗರದ ಮೇಲೆ ಉಪಗ್ರಹದ ಮಾಹಿತಿ ಇಲ್ಲದ ಕಡೆ ನಕ್ಷೆಯಲ್ಲಿ ಕಾಣುವುದು ಕೇವಲ ಲೆಕ್ಕಹಾಕಿದ ಸ್ಥಾನ. ಗೇಟಿನಲ್ಲಿ ನಿಂತ ವಿಮಾನ ಸಾಮಾನ್ಯವಾಗಿ ಪ್ರಸಾರವನ್ನೇ ನಿಲ್ಲಿಸಿರುತ್ತದೆ. ಹೀಗಾಗಿ ವಿಮಾನ ಕಾಣದಿರುವುದು ತೊಂದರೆಯ ಸೂಚನೆಯಾಗಬೇಕಿಲ್ಲ.

ಇನ್ನು ಲೆಕ್ಕ. ಪ್ರತಿ ಹಾರಾಟದಲ್ಲಿ ನಾಲ್ಕು ಗಳಿಗೆಗಳಿವೆ: ಗೇಟು ಬಿಡುವುದು, ನೆಲ ಬಿಡುವುದು, ನೆಲ ಮುಟ್ಟುವುದು, ಗೇಟು ಸೇರುವುದು. ವೇಳಾಪಟ್ಟಿಯಲ್ಲಿ ಅಚ್ಚಾಗುವುದು ಮೊದಲನೆಯದು ಮತ್ತು ಕೊನೆಯದು; ನಕ್ಷೆಯ ತಾಣಗಳು ಬಹಳ ಸಲ ತೋರಿಸುವುದು ನಡುವಿನ ಎರಡನ್ನು. ಈ ವ್ಯತ್ಯಾಸವನ್ನು ಗಮನಿಸದವರು ಹತ್ತು ಹದಿನೈದು ನಿಮಿಷವನ್ನು ಸುಲಭವಾಗಿ ತಪ್ಪಿ ಎಣಿಸುತ್ತಾರೆ. ಆದ್ದರಿಂದ ವಿಮಾನ ಇಳಿಯುವ ಅಂದಾಜು ಸಮಯಕ್ಕೆ ಅದು ರನ್‌ವೇಯಿಂದ ಗೇಟಿನವರೆಗೆ ನೆಲದ ಮೇಲೆ ಸಾಗುವ ಟ್ಯಾಕ್ಸಿ ಸಮಯವನ್ನು ಸೇರಿಸಿ, ಅದರ ಮೇಲೆ ಟರ್ನ್‌ಅರೌಂಡ್ ಸಮಯವನ್ನು, ಅಂದರೆ ಬಂದವರು ಇಳಿದು, ಒಳಗೆ ಶುಚಿಯಾಗಿ, ಇಂಧನ ತುಂಬಿ, ಸಾಮಾನು ಬದಲಾಗಿ, ಹೊಸಬರು ಹತ್ತುವವರೆಗಿನ ಸಮಯವನ್ನು ಸೇರಿಸಬೇಕು. ಏರ್‌ಬಸ್ ಎ320 ಅಥವಾ ಬೋಯಿಂಗ್ 737ರಂತಹ ಒಂದೇ ನಡುದಾರಿಯ ವಿಮಾನಕ್ಕೆ ಅವಸರಪಟ್ಟರೂ ಸುಮಾರು 30ರಿಂದ 45 ನಿಮಿಷ ಬೇಕಾಗುತ್ತದೆ. ದೂರದ ಹಾರಾಟದ ದೊಡ್ಡ ವಿಮಾನಗಳಿಗೆ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ನಿಮ್ಮ ಫ್ಲೈಟ್ 18:30ಕ್ಕೆ ಹೊರಡಬೇಕು. ಅದಕ್ಕೆ ಬರುವ ವಿಮಾನ 17:40ಕ್ಕೆ ಗೇಟು ಸೇರಬೇಕಿತ್ತು. ಆದರೆ ಅದು ಹಿಂದಿನ ಊರನ್ನು 65 ನಿಮಿಷ ತಡವಾಗಿ ಬಿಟ್ಟಿದೆ. ಸಂಸ್ಥೆಗಳು ಹಾರಾಟದ ಅವಧಿಯಲ್ಲೇ ಒಂದಷ್ಟು ಸಡಿಲವನ್ನು ಇಟ್ಟಿರುವುದರಿಂದ ದಾರಿಯಲ್ಲಿ 10 ನಿಮಿಷ ಮರಳಿ ಸಿಗುತ್ತದೆ ಎಂದುಕೊಳ್ಳಿ: 18:25ಕ್ಕೆ ಇಳಿದು 18:35ಕ್ಕೆ ಗೇಟು ಸೇರುತ್ತದೆ. ಅದಕ್ಕೆ 40 ನಿಮಿಷ ಸೇರಿಸಿದರೆ 19:15. ಫಲಕದಲ್ಲಿ 18:30 ಎಂದೇ ಇರಲಿ, 18:50 ಎಂದು ತಿದ್ದಿರಲಿ, ವಿಮಾನ ಬದಲಾಗದ ಹೊರತು 19:15ಕ್ಕಿಂತ ಮೊದಲು ನೀವು ಹೊರಡುವ ಸಂಭವ ತೀರಾ ಕಡಿಮೆ. ಇಲ್ಲಿ ವೇಳಾಪಟ್ಟಿ ಕೊಟ್ಟಿದ್ದ ಟರ್ನ್‌ಅರೌಂಡ್ 50 ನಿಮಿಷವಾದ್ದರಿಂದ, ಬರುವ ವಿಮಾನ ಬರೀ 10 ನಿಮಿಷ ತಡವಾಗಿದ್ದರೆ ಅದು ಅಲ್ಲೇ ಕರಗಿಹೋಗುತ್ತಿತ್ತು. ಬರುವ ವಿಮಾನ ತಡ ಎಂದಾಕ್ಷಣ ನಿಮ್ಮದೂ ಅಷ್ಟೇ ತಡ ಎಂದು ತೀರ್ಮಾನಿಸಬಾರದು ಎನ್ನುವುದು ಇದಕ್ಕೇ.

ಈ 40 ನಿಮಿಷ ಎಂಬ ಅಂಕಿಯನ್ನು ಊಹಿಸುವ ಅಗತ್ಯವಿಲ್ಲ. ಕಳೆದ ಕೆಲವು ದಿನಗಳಲ್ಲಿ ನಿಮ್ಮ ಫ್ಲೈಟ್ ನಂಬರಿಗೆ ಬಂದ ವಿಮಾನಗಳ ಇತಿಹಾಸವನ್ನು ತೆರೆದು, ಅವು ತಡವಾಗಿ ಬಂದ ದಿನಗಳಲ್ಲಿ ಗೇಟು ಸೇರಿದ್ದಕ್ಕೂ ಮತ್ತೆ ಬಿಟ್ಟದ್ದಕ್ಕೂ ನಡುವೆ ಎಷ್ಟು ಸಮಯ ಹಿಡಿದಿದೆ ಎಂದು ನೋಡಿ. ಸಮಯಕ್ಕೆ ಸರಿಯಾಗಿ ಬಂದ ದಿನಗಳಲ್ಲಿ ಯಾರೂ ಅವಸರ ಮಾಡಿರುವುದಿಲ್ಲ, ಹಾಗಾಗಿ ಆ ದಿನಗಳ ಲೆಕ್ಕ ಉಪಯೋಗಕ್ಕೆ ಬಾರದು. ತಡವಾದ ದಿನಗಳೇ ಆ ನಿಲ್ದಾಣದಲ್ಲಿ ಆ ಸಂಸ್ಥೆಯ ಸಿಬ್ಬಂದಿ ಎಷ್ಟು ಬೇಗ ಕೆಲಸ ಮುಗಿಸಬಲ್ಲರು ಎಂಬುದನ್ನು ತಿಳಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಇಡೀ ವಿಧಾನದಲ್ಲಿ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಮತ್ತು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆಯೂ ಇದೇ.

ಬರುವ ವಿಮಾನ ಇನ್ನೂ ಹಿಂದಿನ ಊರಿಗೇ ತಲುಪಿಲ್ಲದಿದ್ದರೆ ಒಂದು ಹಾರಾಟ ಹಿಂದಕ್ಕೆ ಹೋಗಿ ಇದೇ ಲೆಕ್ಕವನ್ನು ಅಲ್ಲಿಂದ ಆರಂಭಿಸಬಹುದು. ಎರಡು ಹಾರಾಟಗಳಿಗಿಂತ ಹಿಂದೆ ಹೋದಾಗ ನಿಮಿಷಗಳನ್ನು ನಂಬಬೇಡಿ. ವಿಳಂಬ ಪ್ರತಿ ನಿಲುಗಡೆಯಲ್ಲಿ ಕರಗುತ್ತಿದೆಯೋ ಬೆಳೆಯುತ್ತಿದೆಯೋ ಎಂಬುದನ್ನಷ್ಟೇ ಗಮನಿಸಿ. ಸಮಯ ವಲಯ ಬದಲಾಗುವ ಮಾರ್ಗಗಳಲ್ಲಿ ತಾಣವು ಯಾವ ಊರಿನ ಸಮಯವನ್ನು ತೋರಿಸುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಬೆಳಗಿನ ಮೊದಲ ಫ್ಲೈಟಿಗಾದರೆ ವಿಮಾನ ಹಿಂದಿನ ರಾತ್ರಿಯೇ ಬಂದು ನಿಂತಿದೆಯೇ ಎಂಬ ಒಂದೇ ಪ್ರಶ್ನೆ ಸಾಕು.

ಲೆಕ್ಕವನ್ನು ತಲೆಕೆಳಗು ಮಾಡುವ ಸಂಗತಿಗಳೂ ಇವೆ. ಸಂಸ್ಥೆ ತನ್ನ ಹಬ್‌ನಲ್ಲಿ, ಅಂದರೆ ತನ್ನ ಮುಖ್ಯ ಕೇಂದ್ರವಾದ ನಿಲ್ದಾಣದಲ್ಲಿ, ಹಲವು ವಿಮಾನಗಳನ್ನು ಇಟ್ಟುಕೊಂಡಿರುವುದರಿಂದ, ಅಲ್ಲಿಂದ ಹೊರಡುವ ಫ್ಲೈಟಿಗೆ ತಡವಾದ ವಿಮಾನದ ಬದಲು ಇನ್ನೊಂದನ್ನು ಕೊಡುವುದು ಸಾಮಾನ್ಯ. ಸಣ್ಣ ನಿಲ್ದಾಣದಲ್ಲಿ ಅಂತಹ ಅವಕಾಶ ವಿರಳ. ಹಾಗಾಗಿ ಹಬ್‌ನಿಂದ ಹೊರಡುವವರು ನೋಂದಣಿ ಸಂಖ್ಯೆಯನ್ನು ಮತ್ತೆ ಮತ್ತೆ ನೋಡಬೇಕು. ಮತ್ತೊಂದು ಕಡೆ, ವಿಮಾನ ಸಮಯಕ್ಕೆ ಬಂದರೂ ಪೈಲಟ್‌ಗಳು ತಡವಾದ ಬೇರೊಂದು ವಿಮಾನದಲ್ಲಿ ಬರುತ್ತಿರಬಹುದು, ಅಥವಾ ಅವರ ಕರ್ತವ್ಯದ ಅವಧಿ ಮುಗಿಯುತ್ತಾ ಬಂದಿರಬಹುದು. ಇದು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ನೀವು ಹೋಗುವ ಊರಿನಲ್ಲಿ ಗುಡುಗು ಮಳೆಯೋ ಮಂಜೋ ಇದ್ದರೆ ವಾಯು ಸಂಚಾರ ನಿಯಂತ್ರಣವು ವಿಮಾನಗಳನ್ನು ಹೊರಡುವ ಕಡೆಯೇ ತಡೆಯುತ್ತದೆ. ಯುರೋಪಿನಲ್ಲಿ ಹೀಗೆ ನಿಗದಿಯಾಗುವ ಟೇಕಾಫ್ ಸಮಯಕ್ಕೆ 5 ನಿಮಿಷ ಮೊದಲಿನಿಂದ 10 ನಿಮಿಷ ನಂತರದವರೆಗೆ ಮಾತ್ರ ಅವಕಾಶವಿದ್ದು, ಅದು ತಪ್ಪಿದರೆ ಹೊಸ ಸಮಯಕ್ಕಾಗಿ ಕಾಯಬೇಕಾಗುತ್ತದೆ. ಅಮೆರಿಕದಲ್ಲಿ ಇಂತಹ ತಡೆಗಳನ್ನು ಅಲ್ಲಿನ ವಿಮಾನಯಾನ ಆಡಳಿತ ಸಂಸ್ಥೆಯಾದ ಎಫ್‌ಎಎ ತನ್ನ ತಾಣದಲ್ಲಿ ಬಹಿರಂಗವಾಗಿ ಪ್ರಕಟಿಸುತ್ತದೆ. ರಾತ್ರಿಯ ಫ್ಲೈಟುಗಳಿಗೆ ಇನ್ನೊಂದು ಅಪಾಯವಿದೆ: ಫ್ರಾಂಕ್‌ಫರ್ಟ್, ಸಿಡ್ನಿಯಂತಹ ನಿಲ್ದಾಣಗಳಲ್ಲಿ ರಾತ್ರಿ 23 ಗಂಟೆಯಿಂದ ಹಾರಾಟಕ್ಕೆ ನಿರ್ಬಂಧವಿರುವುದರಿಂದ, ಸಂಜೆಯ ಒಂದು ಗಂಟೆಯ ವಿಳಂಬ ಅಲ್ಲಿ ರದ್ದತಿಯಾಗಿ ಮುಗಿಯಬಹುದು.

ಇಷ್ಟೆಲ್ಲ ತಿಳಿದ ಮೇಲೆ ಮಾಡಬಾರದ ಕೆಲಸವೆಂದರೆ ನಿಲ್ದಾಣಕ್ಕೆ ತಡವಾಗಿ ಹೋಗುವುದು. ಸಂಸ್ಥೆ ಅಧಿಕೃತವಾಗಿ ಸಮಯ ಬದಲಿಸುವವರೆಗೆ ಚೆಕ್‌-ಇನ್ ಮತ್ತು ಬೋರ್ಡಿಂಗ್ ಮುಚ್ಚುವುದು ಮೂಲ ವೇಳಾಪಟ್ಟಿಯ ಪ್ರಕಾರವೇ; ಬೇರೆ ವಿಮಾನ ಸಿಕ್ಕಿತೆಂದು ಘೋಷಿಸಿದ ವಿಳಂಬವನ್ನು ಹಿಂತೆಗೆದುಕೊಳ್ಳುವುದೂ ಉಂಟು. ಈ ಮಾಹಿತಿಯ ನಿಜವಾದ ಬೆಲೆ ಮುಂದಿನ ಫ್ಲೈಟ್ ಹಿಡಿಯಬೇಕಾದವರಿಗೆ. ಘೋಷಣೆಯಾದ ಮೇಲೆ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ ಮತ್ತು ಮುಂದಿನ ಫ್ಲೈಟಿನ ಖಾಲಿ ಸೀಟುಗಳು ಬೇಗನೆ ತುಂಬುತ್ತವೆ. ಅದಕ್ಕೂ ಮೊದಲೇ ಹೋಗಿ, ‘ನಮ್ಮ ವಿಮಾನ 18:25ಕ್ಕೆ ಇಳಿಯುವಂತೆ ಕಾಣುತ್ತಿದೆ, ನನ್ನ ಮುಂದಿನ ಫ್ಲೈಟ್ ತಪ್ಪುವ ಸಾಧ್ಯತೆಯಿದೆ, ಇಂಥ ಫ್ಲೈಟಿನಲ್ಲಿ ಜಾಗ ಇದೆಯೇ ದಯವಿಟ್ಟು ನೋಡುತ್ತೀರಾ’ ಎಂದು ಪರ್ಯಾಯದ ಫ್ಲೈಟ್ ನಂಬರ್ ಸಹಿತ ಕೇಳಿದರೆ, ಸಿಬ್ಬಂದಿಗೂ ಸಹಾಯ ಮಾಡುವುದು ಸುಲಭವಾಗುತ್ತದೆ.

ಪರಿಶೀಲನೆಗೆ ಸರಿಯಾದ ಹೊತ್ತುಗಳು ಮನೆ ಬಿಡುವ ಮುನ್ನ, ಹೊರಡುವ ಸಮಯಕ್ಕೆ ಎರಡು ಗಂಟೆ ಇರುವಾಗ, ಮತ್ತು ಬರುವ ವಿಮಾನ ಹಿಂದಿನ ಊರಿನಲ್ಲಿ ನೆಲ ಬಿಟ್ಟ ಕೂಡಲೇ. ಈ ಕೊನೆಯದು ಸಿಕ್ಕ ಮೇಲೆ ಅಂದಾಜು ಬಹಳ ಗಟ್ಟಿಯಾಗುತ್ತದೆ, ಏಕೆಂದರೆ ಆಮೇಲೆ ಉಳಿಯುವ ದೊಡ್ಡ ಅನಿಶ್ಚಿತತೆ ಇಳಿಯುವ ಮುನ್ನ ಆಕಾಶದಲ್ಲಿ ಸುತ್ತು ಹೊಡೆಯಬೇಕಾಗುವುದು ಮಾತ್ರ, ಮತ್ತು ಅದು ನಕ್ಷೆಯಲ್ಲಿ ಉದ್ದನೆಯ ವರ್ತುಲಗಳಾಗಿ ಕಣ್ಣಿಗೆ ಕಾಣುತ್ತದೆ. ವಿಮಾನ ಗೇಟು ಸೇರಿದ ನಂತರ ಆ್ಯಪ್ ಬದಿಗಿಟ್ಟು, ಗೇಟಿನ ಸಿಬ್ಬಂದಿ ಹೇಳುವುದನ್ನು ಕೇಳಿ.