ಬೌನ್ಸ್‌ಗಳ ಬೆನ್ನು ಹತ್ತಿ: ಮೇಲಿಂಗ್ ಲಿಸ್ಟ್ ನೋಡಿಕೊಳ್ಳುವ ನನ್ನ ಅನುಭವ

ಮೇಲಿಂಗ್ ಲಿಸ್ಟ್ (ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಮೇಲ್ ತಲುಪಿಸುವ ವ್ಯವಸ್ಥೆ) ನೋಡಿಕೊಳ್ಳುವವರಿಗೆ ಬರುವ ದೂರು ಹೆಚ್ಚಾಗಿ ಒಂದೇ ಸಾಲಿನದು: ‘ನನಗೆ ಲಿಸ್ಟ್ ಮೇಲ್ ಬರ್ತಾ ಇಲ್ಲ.’ ಯಾವತ್ತಿನಿಂದ, ಯಾವ ವಿಳಾಸಕ್ಕೆ, ಯಾರು ಬರೆದ ಮೇಲ್, ಒಂದೂ ಇರುವುದಿಲ್ಲ. ನಾನು ನೋಡಿಕೊಳ್ಳುವ ಲಿಸ್ಟ್‌ಗಳು ಮೇಲ್‌ಮ್ಯಾನ್ ಎಂಬ ತಂತ್ರಾಂಶದ ಮೇಲೆ ನಡೆಯುತ್ತವೆ. ಮೊದಲು ಮೇಲ್‌ಮ್ಯಾನ್ 2 ಇತ್ತು, ಈಗ 3. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್. ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದ ಒಂದು ತೊಂದರೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಉಳಿದವು ಬೇಗ ಮುಗಿಯುತ್ತವೆ.

ತೊಂದರೆ ಇದು. ಯಾವ ತಪ್ಪೂ ಮಾಡದ ಸದಸ್ಯರು ಗುಂಪುಗುಂಪಾಗಿ ಲಿಸ್ಟ್‌ನಿಂದ ಹೊರಬೀಳುತ್ತಿದ್ದರು. ಅವರ ಮೇಲ್‌ಬಾಕ್ಸ್ ತುಂಬಿರಲಿಲ್ಲ. ವಿಳಾಸ ಸರಿಯಾಗಿಯೇ ಇತ್ತು. ಬೇರೆ ಕಡೆಯ ಮೇಲ್ ಎಲ್ಲ ಸರಿಯಾಗಿ ಬರುತ್ತಿತ್ತು. ಮತ್ತೆ ಸೇರಿಸಿದರೆ ಕೆಲವು ವಾರ ಸುಮ್ನೆ ನಡೆಯುತ್ತಿತ್ತು, ಆಮೇಲೆ ಅದೇ ಕಥೆ.

ಬೌನ್ಸ್ ಲಾಗ್, ಅಂದರೆ ತಲುಪದೆ ವಾಪಸ್ ಬಂದ ಮೇಲ್‌ಗಳ ದಾಖಲೆ, ತೆಗೆದೆ. ಸದಸ್ಯರ ಹೆಸರಿನ ಪ್ರಕಾರ ಓದಿದಾಗ ಏನೂ ಹೊಳೆಯಲಿಲ್ಲ. ವಾಪಸ್ ಬಂದ ಪ್ರತಿಯೊಂದು ಮೇಲ್‌ನ ಮೆಸೇಜ್ ಐಡಿ (ಪ್ರತಿ ಮೇಲ್‌ಗೂ ಇರುವ ಬೇರೆ ಬೇರೆ ಗುರುತು) ಹಿಡಿದು ಗುಂಪು ಮಾಡಿದಾಗ ಚಿತ್ರ ಬದಲಾಯಿತು. ಬೌನ್ಸ್ ಆದದ್ದೆಲ್ಲ ಬೆರಳೆಣಿಕೆಯ ಕೆಲವರು ಬರೆದ ಮೇಲ್‌ಗಳು. ಉಳಿದವರು ಬರೆದದ್ದು ಎಲ್ಲರಿಗೂ ತಲುಪಿತ್ತು. ಅಂದರೆ ಬರೆದವರು ಒಬ್ಬರು, ಹೊರಬಿದ್ದವರು ಇನ್ಯಾರೋ. ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಕಾರಣವೂ ಸ್ಪಷ್ಟವಾಗಿತ್ತು. ಎದುರಿನ ಸರ್ವರ್ 550 ಎಂದು ನಿರಾಕರಿಸಿ, ಕಳಿಸಿದವರ ವಿಳಾಸ ನಕಲಿಯೇ ಎಂದು ನೋಡುವ ಡಿಮಾರ್ಕ್ ನೀತಿಯ ಹೆಸರು ಹೇಳಿತ್ತು.

ಡಿಮಾರ್ಕ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನದು ಸುಲಭ. ಪ್ರತಿ ಮೇಲ್‌ಗೂ ಎರಡು ಕಳಿಸುವವರ ವಿಳಾಸ ಇರುತ್ತದೆ. ಒಂದು ಲಕೋಟೆಯ ಮೇಲಿನದು, ಬೌನ್ಸ್ ವಾಪಸ್ ಹೋಗುವುದು ಅಲ್ಲಿಗೆ. ಇನ್ನೊಂದು ಒಳಗಿನ ಫ್ರಮ್ ಸಾಲು, ಓದುವವರಿಗೆ ಕಾಣುವುದು ಅದು. ಎಸ್‌ಪಿಎಫ್, ಅಂದರೆ ಆ ಡೊಮೇನ್ ಪರವಾಗಿ ಈ ಸರ್ವರ್ ಮೇಲ್ ಕಳಿಸಬಹುದೇ ಎನ್ನುವ ಪರೀಕ್ಷೆ, ನೋಡುವುದು ಲಕೋಟೆಯನ್ನು. ಡಿಕಿಮ್, ಅಂದರೆ ಕಳಿಸುವ ಡೊಮೇನ್ ಹಾಕುವ ಡಿಜಿಟಲ್ ಸಹಿ, ಕಾಯುವುದು ಮೇಲ್‌ನ ಒಡಲನ್ನು ಮತ್ತು ಕೆಲವು ಹೆಡರ್‌ಗಳನ್ನು (ವಿಷಯ, ಫ್ರಮ್‌ನಂಥ ತಲೆಸಾಲುಗಳನ್ನು). ಈ ಎರಡರಲ್ಲಿ ಕನಿಷ್ಠ ಒಂದಾದರೂ ಪಾಸಾಗಬೇಕು, ಪಾಸಾದ ಡೊಮೇನ್ ಫ್ರಮ್ ಸಾಲಿನ ಡೊಮೇನ್‌ಗೆ ಹೊಂದಬೇಕು. ಡಿಮಾರ್ಕ್ ಕೇಳುವುದು ಇಷ್ಟನ್ನೇ.

ಈಗ ಲಿಸ್ಟ್ ಏನು ಮಾಡುತ್ತದೆ ನೋಡಿ. ಬೌನ್ಸ್ ತನಗೇ ಬರಲಿ ಎಂದು ಲಕೋಟೆಯ ವಿಳಾಸ ಬದಲಿಸುತ್ತದೆ. ಹಾಗಾಗಿ ಎಸ್‌ಪಿಎಫ್ ಪಾಸಾದರೂ ಅದು ಲಿಸ್ಟ್‌ನ ಡೊಮೇನ್‌ಗೆ, ಬರೆದವರದ್ದಕ್ಕಲ್ಲ. ವಿಷಯದ ಸಾಲಿಗೆ ಲಿಸ್ಟ್ ಹೆಸರು ಅಂಟಿಸುತ್ತದೆ, ಕೊನೆಗೆ ಅಡಿಬರಹ ಸೇರಿಸುತ್ತದೆ. ಅಲ್ಲಿಗೆ ಡಿಕಿಮ್ ಸಹಿಯೂ ಮುರಿಯಿತು. ಎರಡೂ ಹೋದವು. ಬರೆದವರ ಡೊಮೇನ್‌ನ ನೀತಿ ‘ರಿಜೆಕ್ಟ್’ ಆಗಿದ್ದರೆ, ಅದನ್ನು ಪಾಲಿಸುವ ಸರ್ವರ್ ಬಾಗಿಲಲ್ಲೇ ಮೇಲ್ ತಳ್ಳುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ಮತ್ತು ಎಒಎಲ್ ಈ ನೀತಿಗೆ ಬದಲಾದಾಗಲೇ ಲೋಕದ ಲಿಸ್ಟ್‌ಗಳೆಲ್ಲ ಈ ಪೆಟ್ಟು ತಿಂದವು. ಮೇಲ್‌ಮ್ಯಾನ್ 2.1.18ರಲ್ಲಿ ಇದಕ್ಕೆಂದೇ ಹೊಸ ಸೆಟ್ಟಿಂಗ್ ಬಂತು.

ಸದಸ್ಯರನ್ನು ಹೊರಹಾಕುತ್ತಿದ್ದದ್ದು ಮಾತ್ರ ಮೇಲ್‌ಮ್ಯಾನ್‌ನ ಬೌನ್ಸ್ ಲೆಕ್ಕ. ಬೌನ್ಸ್ ಬಂದ ದಿನಕ್ಕೆ ಒಂದು ಅಂಕ. ಒಂದೇ ದಿನ ಎಷ್ಟು ಬಂದರೂ ಒಂದೇ. ತಯಾರಕರು ಇಟ್ಟ ಮಿತಿ 5. ಅದು ತುಂಬಿದರೆ ಆ ಸದಸ್ಯರಿಗೆ ಮೇಲ್ ನಿಲ್ಲುತ್ತದೆ. ಆಮೇಲೆ 7 ದಿನಕ್ಕೊಂದರಂತೆ 3 ಎಚ್ಚರಿಕೆ, ಕೊನೆಗೆ ಹೆಸರು ಅಳಿಸುವುದು. 7 ದಿನ ಬೌನ್ಸ್ ಇಲ್ಲದಿದ್ದರೆ ಹಳೆಯ ಅಂಕ ಹೋಗುತ್ತದೆ. ಲೆಕ್ಕ ಚೆನ್ನಾಗಿಯೇ ಇದೆ, ಸತ್ತ ವಿಳಾಸಗಳನ್ನು ತೆಗೆಯಲು. ಆದರೆ ಕಟ್ಟುನಿಟ್ಟಿನ ಡೊಮೇನ್‌ನಿಂದ ದಿನಾ ಬರೆಯುವ ಒಬ್ಬ ಉತ್ಸಾಹಿ ಸಿಕ್ಕರೆ ಸಾಕು, ವಾರದೊಳಗೆ ಅರ್ಧ ಲಿಸ್ಟ್‌ಗೆ ಮೇಲ್ ನಿಂತುಹೋಗಬಹುದು. ಮಾತು ಜೋರಾಗಿ ನಡೆದ ವಾರಗಳಲ್ಲೇ ಜನ ಮಾಯವಾಗುತ್ತಿದ್ದದ್ದು ಇದಕ್ಕೇ.

ಪರಿಹಾರಕ್ಕೆ ದಾರಿಗಳು ಹಲವು ಇವೆ, ಎಲ್ಲಕ್ಕೂ ಒಂದೊಂದು ಬೆಲೆ ಇದೆ. ಫ್ರಮ್ ಸಾಲನ್ನೇ ಲಿಸ್ಟ್‌ನ ವಿಳಾಸಕ್ಕೆ ಬದಲಿಸಿ, ಬರೆದವರ ವಿಳಾಸವನ್ನು ರಿಪ್ಲೈ-ಟು ಸಾಲಿಗೆ ಕಳಿಸುವುದು ಒಂದು. ಮೂಲ ಮೇಲ್ ಅನ್ನು ಹೊಸ ಮೇಲ್‌ನೊಳಗೆ ಸುತ್ತಿ ಕಳಿಸುವುದು ಇನ್ನೊಂದು. ಇದು ಶುದ್ಧವಾದ ದಾರಿ, ಆದರೆ ಎಷ್ಟೋ ಫೋನ್‌ಗಳಲ್ಲಿ ಮೇಲ್ ಅಟ್ಯಾಚ್‌ಮೆಂಟ್ ಆಗಿ ಕಾಣುತ್ತದೆ, ಜನ ತೆರೆಯುವುದೇ ಇಲ್ಲ. ಮೂರನೆಯದು ಮೇಲ್ ಅನ್ನು ಮುಟ್ಟದೇ ಇರುವುದು. ವಿಷಯಕ್ಕೆ ಲಿಸ್ಟ್ ಹೆಸರು ಬೇಡ, ಅಡಿಬರಹ ಬೇಡ, ಎಚ್‌ಟಿಎಮ್‌ಎಲ್ ಕಳಚುವ ಫಿಲ್ಟರ್ ಬೇಡ. ಆಗ ಡಿಕಿಮ್ ಸಹಿ ಸಾಮಾನ್ಯವಾಗಿ ಉಳಿಯುತ್ತದೆ.

ನಾನು ಒಂದು ಚಿಕ್ಕ ತಾಂತ್ರಿಕ ಲಿಸ್ಟ್‌ನಲ್ಲಿ ಮೂರನೆಯದನ್ನು ಹಾಕಿದೆ, ಚೆನ್ನಾಗಿ ನಡೆಯುತ್ತಿದೆ. ಅಲ್ಲಿನ ಜನ ಲಿಸ್ಟ್-ಐಡಿ ಹೆಡರ್ ನೋಡಿ ಫಿಲ್ಟರ್ ಬರೆದುಕೊಳ್ಳುತ್ತಾರೆ. ಉಳಿದ ಕಡೆ ವಿಷಯದಲ್ಲಿ ಲಿಸ್ಟ್ ಹೆಸರಿಲ್ಲದಿದ್ದರೆ ಗಲಾಟೆ ಆಗುತ್ತದೆ. ಹಾಗಾಗಿ ಅಲ್ಲೆಲ್ಲ ಫ್ರಮ್ ಬದಲಿಸುವ ದಾರಿ. ಎಲ್ಲರ ಮೇಲ್‌ಗೂ ಹಾಗೆ ಮಾಡಲು ಒಂದು ಸೆಟ್ಟಿಂಗ್ ಇದೆ, ಅದನ್ನು ಮುಟ್ಟಿಲ್ಲ. ಬರೆದವರ ಡೊಮೇನ್ ಕಟ್ಟುನಿಟ್ಟಾಗಿದ್ದರೆ ಮಾತ್ರ ಬದಲಿಸು ಎಂದು ಇಟ್ಟಿದ್ದೇನೆ. ಯಾಕೆಂದರೆ ಇದಕ್ಕೊಂದು ಅಡ್ಡ ಪರಿಣಾಮ ಇದೆ. ಕೆಲವು ಮೇಲ್ ಆ್ಯಪ್‌ಗಳು ಬರೆದವರ ಹೆಸರಿನ ಪಕ್ಕ ಲಿಸ್ಟ್‌ನ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತವೆ. ಮುಂದೊಂದು ದಿನ ಯಾರೋ ಗೆಳೆಯರಿಗೆಂದು ಬರೆದ ಖಾಸಗಿ ಮೇಲ್ ಲಿಸ್ಟ್‌ಗೆ ಬಂದು ಬೀಳುತ್ತದೆ. ಒಮ್ಮೆ ಹಾಗೆ ಬಿದ್ದರೆ ಎಲ್ಲರಿಗೂ ಮುಜುಗರ ಅಲ್ವಾ?

ಫ್ರಮ್‌ನಲ್ಲಿ ನಿಮ್ಮ ಡೊಮೇನ್ ಬಂದ ಮೇಲೆ ಆ ಡೊಮೇನ್‌ನ ಡಿಕಿಮ್ ಸಹಿ ಬೇಕೇ ಬೇಕು. ಮೇಲ್‌ಮ್ಯಾನ್ ಎಲ್ಲ ತಿದ್ದಿದ ನಂತರ, ಹೊರಗೆ ಹೋಗುವಾಗ ಸಹಿ ಬೀಳಬೇಕು. 2024ರ ಫೆಬ್ರವರಿಯಿಂದ ಜೀಮೇಲ್, ಯಾಹೂ ಎರಡೂ ಜಾಸ್ತಿ ಮೇಲ್ ಕಳಿಸುವವರಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಕೇಳುತ್ತಿವೆ. ಜೀಮೇಲ್ ಹೇಳುವ ‘ಜಾಸ್ತಿ’ ಅಂದರೆ ಜೀಮೇಲ್ ವಿಳಾಸಗಳಿಗೆ ದಿನಕ್ಕೆ 5000. ಚಿಕ್ಕ ಲಿಸ್ಟ್ ಎಂದು ಬಿಡಬೇಡಿ. ಒಂದು ಮೇಲ್ ಗುಣಿಸು ಸದಸ್ಯರ ಸಂಖ್ಯೆ ಎಂದು ಲೆಕ್ಕ ಹಾಕಿದರೆ ಅಲ್ಲಿಗೆ ಬೇಗ ಮುಟ್ಟುತ್ತೀರಿ.

ಇನ್ನೊಂದು ಸೆಟ್ಟಿಂಗ್ ನನಗೆ ತುಂಬಾ ಇಷ್ಟ, ಆದರೆ ಬಹಳ ಜನ ಅದನ್ನು ನೋಡುವುದೇ ಇಲ್ಲ. ಅದು ವರ್ಪ್ ಪ್ರೋಬ್. ಇದು ಆನ್ ಇದ್ದರೆ, ಬೌನ್ಸ್ ಅಂಕ ಮಿತಿ ಮುಟ್ಟಿದಾಗ ಮೇಲ್‌ಮ್ಯಾನ್ ತಕ್ಷಣ ಸದಸ್ಯರಿಗೆ ಮೇಲ್ ನಿಲ್ಲಿಸುವುದಿಲ್ಲ. ಲಿಸ್ಟ್‌ನ ವಿಳಾಸದಿಂದಲೇ ಒಂದು ಪರೀಕ್ಷಾ ಮೇಲ್ ಕಳಿಸುತ್ತದೆ. ಅದೂ ವಾಪಸ್ ಬಂದರೆ ಮಾತ್ರ ನಿಲ್ಲಿಸುತ್ತದೆ. ಬೇರೆಯವರ ಡಿಮಾರ್ಕ್‌ನಿಂದ ಬಂದ ಬೌನ್ಸ್‌ಗಳು ಈ ಪರೀಕ್ಷೆಯಲ್ಲಿ ಬಯಲಾಗುತ್ತವೆ, ಏಕೆಂದರೆ ಲಿಸ್ಟ್‌ನ ಸ್ವಂತ ಮೇಲ್ ಹಾಯಾಗಿ ತಲುಪುತ್ತದೆ. ತಯಾರಕರು ಇದನ್ನು ಆಫ್ ಇಟ್ಟಿರುತ್ತಾರೆ. ಆನ್ ಮಾಡಿಕೊಳ್ಳಿ.

ವರ್ಪ್ ಎಂಬ ಉಪಾಯ ಡೇನಿಯಲ್ ಬರ್ನ್‌ಸ್ಟೀನ್ ಅವರದ್ದು, ಅವರು ಬರೆದ ಮೇಲ್ ಸರ್ವರ್ ಕ್ಯೂಮೇಲ್ ಕಾಲದ್ದು. ಪ್ರತಿ ಸದಸ್ಯರಿಗೂ ಲಕೋಟೆಯ ಮೇಲೆ ಬೇರೆಯದೇ ವಾಪಸಾತಿ ವಿಳಾಸ, ಅದರೊಳಗೇ ಅವರ ವಿಳಾಸ ಅಡಗಿರುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ಫಾರ್ವರ್ಡ್ ಮಾಡಿಕೊಂಡವರ ಬೌನ್ಸ್ ಹಿಡಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಬೌನ್ಸ್‌ನಲ್ಲಿ ಕಾಣುವ ಹೆಸರು ಲಿಸ್ಟ್‌ನಲ್ಲಿ ಇರುವುದೇ ಇಲ್ಲವಲ್ಲ. ಆದರೆ ಪೋಸ್ಟ್‌ಫಿಕ್ಸ್‌ನಲ್ಲಿ ರೆಸಿಪಿಯಂಟ್ ಡಿಲಿಮಿಟರ್ (ವಿಳಾಸದ ಭಾಗಗಳನ್ನು ಬೇರ್ಪಡಿಸುವ ಗುರುತು) ಎಂದು ಪ್ಲಸ್ ಚಿಹ್ನೆ ಕೊಟ್ಟಿರಬೇಕು. ಇಲ್ಲದಿದ್ದರೆ ವಾಪಸ್ ಬರುವ ಬೌನ್ಸ್‌ಗಳನ್ನೇ ಪೋಸ್ಟ್‌ಫಿಕ್ಸ್ ‘ಇಂಥ ಬಳಕೆದಾರರಿಲ್ಲ’ ಎಂದು ತಳ್ಳಿಬಿಡುತ್ತದೆ. ಅದರ ಜೊತೆಗೇ ಓನರ್ ರಿಕ್ವೆಸ್ಟ್ ಸ್ಪೆಷಲ್ ಎಂಬ ಸೆಟ್ಟಿಂಗ್ ಅನ್ನೂ ‘ನೋ’ ಮಾಡಿ. ಓನರ್, ರಿಕ್ವೆಸ್ಟ್ ಎಂದು ಹೆಸರಿರುವ ವಿಳಾಸಗಳಿಗೆ ಪೋಸ್ಟ್‌ಫಿಕ್ಸ್ ತನ್ನದೇ ಅರ್ಥ ಹಚ್ಚುತ್ತದೆ, ಮೇಲ್‌ಮ್ಯಾನ್‌ಗೆ ಅದು ಬೇಡ.

ಇನ್ನು ‘ಮೇಲ್ ಬರ್ತಾ ಇಲ್ಲ’ ಎನ್ನುವ ದಿನನಿತ್ಯದ ದೂರುಗಳು. ನಾನು ಕೇಳುವುದು ಎರಡೇ: ಯಾವ ವಿಳಾಸದಿಂದ ಕಳಿಸಿದಿರಿ, ಎಷ್ಟು ಹೊತ್ತಿಗೆ? ಆಮೇಲೆ ಆ ಒಂದು ಮೇಲ್ ಹಿಂದೆ ಬೀಳುತ್ತೇನೆ. ಪೋಸ್ಟ್‌ಫಿಕ್ಸ್‌ಗೆ ಬಂತಾ? ಎಲ್‌ಎಮ್‌ಟಿಪಿ (ಬಂದ ಮೇಲ್ ಅನ್ನು ಒಳಗೆ ಒಪ್ಪಿಸುವ ವಿಧಾನ) ಮೂಲಕ ಮೇಲ್‌ಮ್ಯಾನ್ 3ರ 8024ನೇ ಪೋರ್ಟ್‌ಗೆ ಹೋಯಿತಾ? ಅಲ್ಲಿಂದ ಹೊರಗೆ ಬಂತಾ? ಎದುರಿನ ಸರ್ವರ್ 250, ಅಂದರೆ ‘ಸ್ವೀಕರಿಸಿದೆ’, ಎಂದಿತಾ? ಎಲ್ಲಿ ದಾರಿ ತಪ್ಪಿತೋ ಅಲ್ಲೇ ಉತ್ತರ. 250 ಸಿಕ್ಕಿದ್ದರೆ ಇನ್ನು ಅವರ ಸ್ಪ್ಯಾಮ್ ಫೋಲ್ಡರ್ ನೋಡಬೇಕು ಅಷ್ಟೇ.

ಮೇಲ್‌ಮ್ಯಾನ್‌ನೊಳಗೇ ನಿಂತಿದ್ದರೆ ಸಾಮಾನ್ಯವಾಗಿ ಮಾಡರೇಟರ್ ಒಪ್ಪಿಗೆಗೆ ಕಾಯುವ ಸಾಲಿನಲ್ಲಿ ಸಿಗುತ್ತದೆ. ಸದಸ್ಯರಾದ ವಿಳಾಸ ಒಂದು, ಫೋನ್‌ನಿಂದ ಬರೆದ ವಿಳಾಸ ಇನ್ನೊಂದು. ಅಥವಾ ಲಿಸ್ಟ್ ಅನ್ನು ಬಿಸಿಸಿಯಲ್ಲಿ ಹಾಕಿರುತ್ತಾರೆ. ಇಲ್ಲವೇ ಗಾತ್ರ 40 ಕೆಬಿ ಮಿತಿ ದಾಟಿರುತ್ತದೆ. ಈ ಮಿತಿ ಕನ್ನಡದಲ್ಲಿ ಬರೆಯುವವರಿಗೆ ತುಂಬಾ ಬಿಗಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಮೇಲ್‌ನಲ್ಲಿ ಕಳಿಸಲು ಬಳಸುವ ಬೇಸ್64 ರೂಪಕ್ಕೆ ಬದಲಾದರೆ ಅದು 4 ಆಗುತ್ತದೆ. ‘ಸ್ತ್ರೀ’ ಎನ್ನುವ ಒಂದೇ ಅಕ್ಷರದಲ್ಲಿ 6 ಸಂಕೇತ ಇವೆ. ಮೇಲ್ ಆ್ಯಪ್ ಅದನ್ನೇ ಎಚ್‌ಟಿಎಮ್‌ಎಲ್‌ನಲ್ಲೂ ಇನ್ನೊಮ್ಮೆ ಕಳಿಸುತ್ತದೆ. ಉದ್ದದ ಉತ್ತರ ಒಂದು, ಕೆಳಗೆ ಹಳೆಯ ಮೇಲ್‌ಗಳ ಬಾಲ ಒಂದು, ಮಿತಿ ಮುಗಿಯಿತು. ನಾನು ಅದನ್ನು ಧಾರಾಳವಾಗಿ ಏರಿಸಿಟ್ಟಿದ್ದೇನೆ.

‘ಎಲ್ಲರದ್ದೂ ಬರುತ್ತೆ, ನಾನು ಬರೆದದ್ದು ಮಾತ್ರ ನನಗೆ ಬರಲ್ಲ’ ಎಂದರೆ ಅವರು ಜೀಮೇಲ್‌ನಲ್ಲಿದ್ದಾರೆ ಎಂದು ಊಹಿಸಬಹುದು. ಅದೇ ಮೆಸೇಜ್ ಐಡಿ ಸೆಂಟ್ ಫೋಲ್ಡರ್‌ನಲ್ಲಿ ಇರುವುದರಿಂದ ಜೀಮೇಲ್ ಎರಡನೇ ಪ್ರತಿ ತೋರಿಸುವುದಿಲ್ಲ. ನಮ್ಮ ಕಡೆಯಿಂದ ಮಾಡುವುದು ಏನೂ ಇಲ್ಲ. ಇದಕ್ಕೆ ಒಂದು ಸಿದ್ಧ ಉತ್ತರ ಬರೆದಿಟ್ಟುಕೊಂಡಿದ್ದೇನೆ.

ಇನ್ನೊಂದು ಜಾಗ ಶಂಟ್ ಕ್ಯೂ. ಮೇಲ್ ಅನ್ನು ಸಂಸ್ಕರಿಸುವಾಗ ಪೈಥಾನ್ ಕೋಡ್ ಎಡವಿದರೆ ಮೇಲ್‌ಮ್ಯಾನ್ ಅದನ್ನು ಅಲ್ಲಿಗೆ ಸರಿಸಿ ಸುಮ್ಮನಾಗುತ್ತದೆ. ಕಳಿಸಿದವರಿಗೂ ತಿಳಿಯದು, ಓದಬೇಕಾದವರಿಗೂ ತಿಳಿಯದು. ಕೆಟ್ಟ ಅಕ್ಷರ ಸಂಕೇತ, ತುಂಬಿದ ಡಿಸ್ಕ್, ಫೈಲ್ ಅನುಮತಿ, ಏನು ಬೇಕಾದರೂ ಕಾರಣ ಇರಬಹುದು. ಲಾಗ್‌ನಲ್ಲಿ ಪೂರ್ತಿ ಟ್ರೇಸ್‌ಬ್ಯಾಕ್ ಇರುತ್ತದೆ. ಮೊದಲು ಕಾರಣ ಸರಿಪಡಿಸಿ, ಆಮೇಲೆ ಅನ್‌ಶಂಟ್ ಕಮಾಂಡ್ ಕೊಡಿ. ಕೊಡುವ ಮುಂಚೆ ಕ್ಯೂಫೈಲ್ ಕಮಾಂಡ್‌ನಿಂದ ಒಳಗೆ ಏನಿದೆ ನೋಡಿ. ತಿಂಗಳುಗಳ ಹಿಂದಿನ ಸಭೆಯ ಆಹ್ವಾನ ಇಂದು ಎಲ್ಲರಿಗೂ ಹೋದರೆ ಅದರ ಉತ್ತರಗಳನ್ನು ನೀವೇ ಓದಬೇಕು. ಈ ಫೋಲ್ಡರ್‌ನಲ್ಲಿ ಫೈಲ್ ಕಂಡ ಕೂಡಲೇ ನನಗೆ ಎಚ್ಚರಿಕೆ ಬರುವ ಹಾಗೆ ಮಾಡಿಕೊಂಡಿದ್ದೇನೆ.

ಮೇಲ್‌ಮ್ಯಾನ್ 2 ಬಿಡಲೇಬೇಕಾಯಿತು. ಅದು ಪೈಥಾನ್ 2ರ ಮೇಲೆ ನಿಂತದ್ದು, ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿತ್ತು. ತಿಂಗಳಿಗೊಮ್ಮೆ ಎಲ್ಲರಿಗೂ ಪಾಸ್‌ವರ್ಡ್ ಅನ್ನು ಬಿಚ್ಚಿಟ್ಟು ಮೇಲ್ ಮಾಡುವ ಅದರ ಹಳೆಯ ಅಭ್ಯಾಸವೂ ನನಗೆ ಹಿಡಿಸುತ್ತಿರಲಿಲ್ಲ. ಸೆಟ್ಟಿಂಗ್ ಮತ್ತು ಸದಸ್ಯರನ್ನು ಇಂಪೋರ್ಟ್21 ಕಮಾಂಡ್ ತಂದುಕೊಡುತ್ತದೆ. ಬಂದ ಮೇಲೆ ಡಿಮಾರ್ಕ್ ಮತ್ತು ಬೌನ್ಸ್ ಪುಟಗಳನ್ನು ನಾನು ಒಂದೊಂದಾಗಿ ಕಣ್ಣಾರೆ ನೋಡಿದೆ. ಹಳೆಯ ಪಾಸ್‌ವರ್ಡ್‌ಗಳು ಹೊಸದರಲ್ಲಿ ನಡೆಯುವುದಿಲ್ಲ. ಅದೇ ವಿಳಾಸದಿಂದ ಹೊಸ ಖಾತೆ ತೆರೆಯಿರಿ ಎಂದು ಮೊದಲೇ ತಿಳಿಸಿದರೆ ದೂರು ಕಮ್ಮಿ.

ಹಳೆಯ ಮೇಲ್‌ಗಳ ಸಂಗ್ರಹವನ್ನು ಮೇಲ್‌ಮ್ಯಾನ್ 3ರ ಸಂಗ್ರಹ ತಾಣವಾದ ಹೈಪರ್‌ಕಿಟ್ಟಿಗೆ ತರುವ ಮುಂಚೆ ಎಮ್‌ಬಾಕ್ಸ್ ಫೈಲ್ (ಎಲ್ಲ ಮೇಲ್‌ಗಳನ್ನು ಒಂದರ ಕೆಳಗೊಂದು ಸೇರಿಸಿಟ್ಟ ಫೈಲ್) ತೊಳೆಯಬೇಕು. ಮೇಲ್‌ನ ಒಳಗಿನ ಸಾಲೊಂದು ‘ಫ್ರಮ್’ ಎಂದೇ ಶುರುವಾಗಿದ್ದರೆ ಅಲ್ಲಿ ಹೊಸ ಮೇಲ್ ಶುರುವಾಯಿತು ಎಂದು ಭಾವಿಸಿ ಹೈಪರ್‌ಕಿಟ್ಟಿ ಒಂದನ್ನು ಎರಡಾಗಿ ಕತ್ತರಿಸುತ್ತದೆ. ಮೇಲ್‌ಮ್ಯಾನ್ 2ರ ಜೊತೆಯೇ ಬರುವ ಕ್ಲೀನ್‌ಆರ್ಚ್ ಇದನ್ನು ಸರಿಮಾಡುತ್ತದೆ. ಕೊನೆಗೆ ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟಿಸಬೇಕು, ದೊಡ್ಡ ಸಂಗ್ರಹವಾದರೆ ಅದಕ್ಕೆ ಹೊತ್ತು ಹಿಡಿಯುತ್ತದೆ. ಹೈಪರ್‌ಕಿಟ್ಟಿಯಲ್ಲಿ ಪ್ರತಿ ಮೇಲ್‌ನ ಕೊಂಡಿ ಬೇರೆ. ಮೇಲ್‌ಮ್ಯಾನ್ 2ರ ಸಂಗ್ರಹವಾದ ಪೈಪರ್‌ಮೇಲ್‌ನ ಹಳೆಯ ಕೊಂಡಿಗಳನ್ನು ಜನ ಎಲ್ಲೆಲ್ಲೋ ಅಂಟಿಸಿರುತ್ತಾರೆ. ಆ ಪುಟಗಳನ್ನು ಹಾಗೇ, ಅದೇ ಜಾಗದಲ್ಲಿ, ಓದಲು ಮಾತ್ರ ಉಳಿಸಿದ್ದೇನೆ. ಅವು ಬರೀ ಎಚ್‌ಟಿಎಮ್‌ಎಲ್ ಫೈಲ್‌ಗಳು, ಪೈಥಾನ್ 2 ಇಲ್ಲದೆಯೂ ನಡೆಯುತ್ತವೆ.