ಬದುವಿಗೆ ಬೇಲಿ, ಬಾಯಿಗೆ ಕವಳಿ

ಬೇಸಿಗೆಯ ಕೊನೆಗೆ ಹುಬ್ಬಳ್ಳಿ-ಧಾರವಾಡದ ಸಂತೆಗಳಿಗೆ ಬುಟ್ಟಿಗಟ್ಟಲೆ ಕವಳಿಹಣ್ಣು (ಕರಂಡೆ) ಬರುತ್ತದೆ. ಹೆಚ್ಚಿನದು ಗುಡ್ಡದ ಹಣ್ಣು, ಹೊಲದಲ್ಲಿ ಬೆಳೆಸಿದವರು ಕಡಿಮೆ. ಮಳೆ ಕೈಕೊಟ್ಟ ವರ್ಷವೂ ಒಣಗದೆ ನಿಲ್ಲುವ ಗಿಡ ಇದು. ಜೋಡಿ ಮುಳ್ಳಿರುವುದರಿಂದ ದನ ಒಳಗೆ ನುಗ್ಗುವುದಿಲ್ಲ. ತಂತಿ ಬೇಲಿಗೆ ದುಡ್ಡು ಸುರಿಯುವ ಬದಲು ಬದುವಿಗೆ ಕವಳಿ ಹಚ್ಚಬಹುದಲ್ವಾ?

ಮೊದಲ ಕೆಲಸ ತಾಯಿಗಿಡ ಹುಡುಕುವುದು. ಅವಸರ ಮಾಡಬೇಡಿ. ಒಂದೇ ಗುಡ್ಡದಲ್ಲಿ ಒಂದು ಗಿಡದ ಹಣ್ಣು ಹುಳಿ, ಪಕ್ಕದ್ದು ಸಿಹಿ. ಒಂದರಲ್ಲಿ ಬರೀ ಬೀಜ, ಇನ್ನೊಂದರಲ್ಲಿ ತಿರುಳು ಜಾಸ್ತಿ. ಹಣ್ಣಿನ ಕಾಲದಲ್ಲಿ ಊರ ಸುತ್ತಲಿನ ಬೇಲಿ, ಬದು ನೋಡಿಕೊಂಡು ಬನ್ನಿ. ಪೂರ್ತಿ ಕಪ್ಪಾದ ಹಣ್ಣನ್ನೇ ತಿಂದು ನೋಡಿ. ಹಣ್ಣು ದಪ್ಪ, ಗೊಂಚಲು ತುಂಬ, ಸಿಹಿ ಜಾಸ್ತಿ ಇರುವ ಗಿಡಕ್ಕೆ ಬಟ್ಟೆ ಚೂರು ಕಟ್ಟಿ ಗುರುತು ಮಾಡಿ. ಮುಂದಿನ ವರ್ಷವೂ ಹಾಗೇ ಹಣ್ಣು ಬಿಟ್ಟರೆ ಅದೇ ನಿಮ್ಮ ತಾಯಿಗಿಡ. ಗದಗಿನವರು ಕಪ್ಪತಗುಡ್ಡಕ್ಕೆ ಮಾತ್ರ ಕೈ ಹಾಕಬೇಡಿ. 2019ರಿಂದ ಅದು ವನ್ಯಜೀವಿ ಧಾಮ.

ಸಸಿ ಮಾಡಲು ಎರಡು ದಾರಿ. ಸುಲಭದ್ದು ಬೀಜ. ಕಳಿತ ಹಣ್ಣು ಹಿಸುಕಿ, ಬೀಜ ತೊಳೆದು, ನೆರಳಲ್ಲಿ ಆರಿಸಿ ಕೂಡಲೇ ಬಿತ್ತಿ. ಡಬ್ಬಿಯಲ್ಲಿ ಇಟ್ಟು ಮುಂದಿನ ವರ್ಷ ಬಿತ್ತುತ್ತೇನೆ ಎಂದರೆ ಮೊಳಕೆ ಬರುವುದು ಕಷ್ಟ. ಮಸಾರಿ (ಕೆಂಪು) ಮಣ್ಣು, ಉಸುಕು, ಕಳಿತ ತಿಪ್ಪೆಗೊಬ್ಬರ ಬೆರೆಸಿ ಚೀಲ ತುಂಬಿ. ಮುಂದಿನ ಮಳೆಗಾಲದವರೆಗೆ ಸಸಿ ಚೀಲದಲ್ಲೇ ಬಲಿಯಲಿ.

ಬೇಲಿಗೆ ಬೀಜದ ಗಿಡ ಸಾಕು. ಆದರೆ ಬೀಜದ ಗಿಡ ತಾಯಿಯ ಹಾಗೆಯೇ ಹಣ್ಣು ಕೊಡುತ್ತದೆ ಎಂದು ಹೇಳಲಾಗದು. ಅದೇ ರುಚಿ ಬೇಕಾದರೆ ಗೂಟಿ ಕಟ್ಟಬೇಕು, ಅಂದರೆ ತಾಯಿಗಿಡದ ಟೊಂಗೆಗೇ ಬೇರು ಬರಿಸಬೇಕು. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಟೊಂಗೆ ಆರಿಸಿ, ಒಂದು ಇಂಚು ಅಗಲ ಸುತ್ತಲೂ ತೊಗಟೆ ತೆಗೆಯಿರಿ. ಚಾಕು ತಾಕಿದ ಕೂಡಲೇ ಬಿಳಿ ಹಾಲು ಜಿನುಗುತ್ತದೆ. ಅದು ನಿಲ್ಲುವವರೆಗೂ ಬಟ್ಟೆಯಿಂದ ಒರೆಸಿ. ಆಮೇಲೆ ಬೇರು ಬರಿಸುವ ಪುಡಿ ಹಚ್ಚಿ, ಹಸಿ ಪಾಚಿ (ಮಾಸ್) ಇಟ್ಟು, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಹಾಳೆಯೊಳಗೆ ಬೇರು ಚೆನ್ನಾಗಿ ಕಂಡ ಮೇಲೆಯೇ ಕತ್ತರಿಸಿ ಚೀಲಕ್ಕೆ ಹಾಕಿ, ನೆರಳಲ್ಲಿಡಿ.

ದಪ್ಪ ಹಣ್ಣಿನ ತಳಿಯೇ ಬೇಕೆನ್ನುವವರಿಗೆ ಮಹಾರಾಷ್ಟ್ರದ ದಾಪೋಲಿ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಬೋಲ್ಡ್ ಇದೆ. ಆದರೂ ನಮ್ಮ ಗುಡ್ಡದ ಬಿಸಿಲು ತಿಂದು ಬೆಳೆದ ಗಿಡದ ಮೇಲೇ ನನಗೆ ಹೆಚ್ಚು ನಂಬಿಕೆ.

ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ಹದವಾದಾಗ ಹಚ್ಚಿ. ಒಂದೂವರೆ ಅಡಿ ಗುಂಡಿ ಸಾಕು. ಬೇಲಿಗಾದರೆ ಮೂರು ಅಡಿಗೊಂದು, ತೋಟಕ್ಕಾದರೆ ಹತ್ತು ಅಡಿಗೊಂದು ಗಿಡ. ಗರಸು (ಕಲ್ಲುಮಿಶ್ರಿತ) ನೆಲವಾದರೂ ನಡೆಯುತ್ತದೆ, ನೀರು ನಿಲ್ಲುವ ಜಾಗ ಮಾತ್ರ ಬೇಡ. ನೀರು ಹಿಡಿದಿಡುವ ಎರೆ (ಕಪ್ಪು ಮಣ್ಣಿನ) ಹೊಲದವರು ಬದುವಿನ ಎತ್ತರದಲ್ಲೇ ಹಚ್ಚಬೇಕು.

ಮೊದಲ ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ, ಬುಡಕ್ಕೆ ಹೊಟ್ಟು ಮುಚ್ಚಿ. ಮುಳ್ಳು ಬಲಿಯುವವರೆಗೆ ಆಡು-ಕುರಿಯಿಂದ ಕಾಯಿರಿ. ಬೇರೂರಿದ ಮೇಲೆ ಆರೈಕೆ ಅಷ್ಟಾಗಿ ಬೇಡ. ಹಣ್ಣು ಮುಗಿದ ಮೇಲೆ ಒಣ ಟೊಂಗೆ, ಅಡ್ಡಾದಿಡ್ಡಿ ಬೆಳೆದದ್ದು ಸವರಿದರೆ ಆಯಿತು. ಹೂ ಬಿಡುವ ಹೊತ್ತಿಗೆ ಕತ್ತರಿ ಮುಟ್ಟಬೇಡಿ.

ಮೂರನೇ ವರ್ಷದಿಂದ ಕಾಯಿ ಬರುತ್ತದೆ. ಉಪ್ಪಿನಕಾಯಿಗೆ ಗಟ್ಟಿ ಹಸಿರು ಕಾಯಿ ಕೀಳಿ, ತಿನ್ನಲು ಕಪ್ಪಾಗುವವರೆಗೆ ಬಿಡಿ. ಬೇಕರಿಯಲ್ಲಿ ಕೇಕಿನ ಮೇಲೆ ಕೂರಿಸುವ ಕೆಂಪು ಚೆರ್ರಿ ಎಷ್ಟೋ ಸಲ ಬಣ್ಣ, ಸಕ್ಕರೆ ಪಾಕ ಹೀರಿದ ಕವಳಿಕಾಯಿಯೇ. ಹಣ್ಣು ಬೇಗ ಮೆತ್ತಗಾಗುತ್ತದೆ, ಹಾಗಾಗಿ ಬೆಳಗ್ಗೆ ಕಿತ್ತು ಅವತ್ತೇ ಸಂತೆಗೆ ಒಯ್ಯಿರಿ. ಕೈಗೆ ಅಂಟಿದ ಹಾಲು ಬರೀ ನೀರಿಗೆ ಹೋಗುವುದಿಲ್ಲ. ಕೀಳುವ ಮುಂಚೆಯೇ ಅಂಗೈಗೆ ಸ್ವಲ್ಪ ಶೇಂಗಾ ಎಣ್ಣೆ ಸವರಿಕೊಳ್ಳಿ.